ತಾತ ಮಾಡಿದ ಮೋಸದ ಓಲೆ

ಹೋದ ತಿಂಗಳು ನಮ್ಮ ಅತ್ತೆಯ ಓಲೆ ರಿಪೇರಿ ಮಾಡಿಸೋಣ ಅಂತ ಕೋಲಾರದ ಒಂದು ದೊಡ್ಡ ಒಡವೆ ಅಂಗಡಿಗೆ ಹೋಗಿದ್ದೆ. ಅತ್ತೆ ಅಂದರೆ ಅಪ್ಪನ ಅಕ್ಕ. ವಯಸ್ಸು 80. ಕಿವಿ ಮಂದ, ಬಾಯಿ ಚುರುಕು. ಕೆಂಪು ಕಲ್ಲಿನ ಓಲೆ ಅದು. ಬಲಗಿವಿಯದರ ತಿರುಪು ಸವೆದು ಹೋಗಿ ನಿಲ್ಲುತ್ತಲೇ ಇರಲಿಲ್ಲ. ಎರಡು ಸಲ ದಿಂಬಿನ ಕೆಳಗೆ ಸಿಕ್ಕಿತ್ತು, ಒಂದು ಸಲ ಸಾರಿನ ಪಾತ್ರೆಯಲ್ಲಿ.

ಅಂಗಡಿಯ ಹುಡುಗ ಓಲೆಯನ್ನು ಕ್ಯಾರೆಟ್ ಮೀಟರ್ ಒಳಗೆ ಇಟ್ಟ. ಪರದೆಯ ಮೇಲೆ 58 ಚಿಲ್ಲರೆ ಅಂತ ಬಂತು. ಅವನು ಇನ್ನೊಂದು ಸಲ ಇಟ್ಟು ನೋಡಿದ. ಆಮೇಲೆ ದನಿ ತಗ್ಗಿಸಿ ಹೇಳಿದ: "ಮೇಡಂ, ಇದರಲ್ಲಿ ಚಿನ್ನ ನೂರಕ್ಕೆ ಐವತ್ತೆಂಟೇ ಇರೋದು. ಯಾರೋ ಚೆನ್ನಾಗಿ ಟೋಪಿ ಹಾಕಿದ್ದಾರೆ. ಹಳೇ ಕಾಲದ ಆಚಾರ್ರು ಹೀಗೇ, ತಾಮ್ರ ಬೆರೆಸಿಬಿಡೋರು."

"ಏನಂತೆ?" ಅಂದರು ಅತ್ತೆ.

"ಏನಿಲ್ಲ ಅತ್ತೆ, ಇಲ್ಲಿ ಆಗಲ್ವಂತೆ" ಅಂದೆ.

ಏನಂತ ಹೇಳಲಿ? ಆ ಓಲೆ ಮಾಡಿದ ಆಚಾರ್ರು ಅತ್ತೆಯ ಅಪ್ಪ. ನನ್ನ ತಾತ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತ ಗಾದೆ ಇದೆಯಲ್ಲ, ಚಿಕ್ಕವಳಾಗಿದ್ದಾಗ ಸ್ಕೂಲಿನಲ್ಲಿ ಯಾರಾದರೂ ಅದನ್ನು ಹೇಳಿದರೆ ನನಗೆ ಅಳು ಬರುತ್ತಿತ್ತು. ಈಗ ಮಗಳ ಚಿನ್ನವನ್ನೂ ಬಿಡಲಿಲ್ಲ ಅನ್ನೋ ಹಾಗಾಯಿತು.

ತಾತ ಮೋಸ ಮಾಡಿರಲಿಲ್ಲ. ಆ ಓಲೆ 58 ಇರುವುದಕ್ಕೆ ಕಾರಣ ಹಿಮಾಲಯದಲ್ಲಿ ನಡೆದ ಒಂದು ಯುದ್ಧ.

ನಮ್ಮ ಮನೆಯಲ್ಲಿ ಅದನ್ನು ಯಾರೂ ಯುದ್ಧ ಅಂತ ಕರೆಯುತ್ತಿರಲಿಲ್ಲ. ಅಜ್ಜಿ ಅದನ್ನು "ಹದಿನಾಲ್ಕು" ಅನ್ನುತ್ತಿದ್ದರು. "ಹದಿನಾಲ್ಕು ಬಂದ ವರ್ಷ ನಿಮ್ಮಪ್ಪನಿಗೆ ಹತ್ತು ತುಂಬಿತ್ತು." "ಆ ಹಸು ಮಾರಿದ್ದು ಹದಿನಾಲ್ಕು ಬಂದಮೇಲೆ." ಅದೇನೋ ಪ್ಲೇಗ್ ಥರ ಕಾಯಿಲೆ ಇರಬೇಕು ಅಂತ ನಾನು ಎಷ್ಟೋ ವರ್ಷ ಅಂದುಕೊಂಡಿದ್ದೆ.

1962ರ ಅಕ್ಟೋಬರ್ 20ಕ್ಕೆ ಚೀನಾ ಯುದ್ಧ ಶುರುವಾಯಿತು. ನವೆಂಬರ್ 21ಕ್ಕೆ ನಿಂತಿತು. ಲೆಕ್ಕಕ್ಕೆ ಒಂದು ತಿಂಗಳು. ಅತ್ತೆಗೆ ಆಗ 17. ಅವರಿಗೆ ಯುದ್ಧ ಅಂದರೆ ಉಣ್ಣೆ. ಜವಾನರು ಆ ಚಳಿಯಲ್ಲಿ ಹತ್ತಿ ಬಟ್ಟೆ ಹಾಕಿಕೊಂಡು ನಿಂತಿದ್ದಾರೆ ಅಂತ ಗೊತ್ತಾಗಿ ದೇಶದ ತುಂಬ ಹೆಂಗಸರು ಸ್ವೆಟರ್ ಹೆಣೆಯಲು ಕೂತಿದ್ದರಲ್ಲ, ಅತ್ತೆಯೂ ಕೂತರು. ಅದಕ್ಕೆ ಮುಂಚೆ ಕಡ್ಡಿ ಹಿಡಿದವರೇ ಅಲ್ಲ. "ಒಂದು ತೋಳು ಉದ್ದ, ಒಂದು ತೋಳು ಗಿಡ್ಡ ಆಯ್ತು. ಯಾವ ಪುಣ್ಯಾತ್ಮನಿಗೆ ಸಿಕ್ತೋ" ಅಂತ ಈಗಲೂ ನಗುತ್ತಾರೆ.

ಅಜ್ಜಿ ಎರಡು ಬಳೆ ಕೊಟ್ಟರು. ರಕ್ಷಣಾ ನಿಧಿಗೆ ಊರೂರಲ್ಲೂ ಚಿನ್ನ ಕೊಡುತ್ತಿದ್ದ ಕಾಲ. ಆ ಬಳೆ ತಾತನೇ ಮದುವೆಗೆ ಅಂತ ಮಾಡಿದ್ದವು. ಕೊಡುವುದಕ್ಕೆ ಮುಂಚೆ ತಾತ ತಕ್ಕಡಿಗೆ ಹಾಕಿ ತೂಗಿ, ಒರೆಗಲ್ಲಿಗೆ ಉಜ್ಜಿ ನೋಡಿ, "22 ಕ್ಯಾರೆಟ್‌ಗೆ ಒಂದು ಚೂರೂ ಕಮ್ಮಿ ಇಲ್ಲ, ಕೊಡು" ಅಂದರಂತೆ. ಕೊಡುವುದನ್ನು ಯಾಕೆ ಒರೆ ಹಚ್ಚಿದರೋ, ಕೆಲಸದ ಚಟ. ರಸೀದಿ ಬಹಳ ದಿನ ಟ್ರಂಕಿನಲ್ಲಿತ್ತು. ಅದನ್ನು ಗೆದ್ದಲು ತಿಂದಿತು.

ಯುದ್ಧ ನಿಂತು ಎರಡು ತಿಂಗಳು ಆಗಿರಲಿಲ್ಲ. 1963ರ ಜನವರಿ, ಸಂಕ್ರಾಂತಿಗೆ ನಾಲ್ಕೈದು ದಿನ ಇತ್ತು. ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿ ಚಿನ್ನ ನಿಯಂತ್ರಣದ ನಿಯಮ ತಂದರು. ಇನ್ನು ಮೇಲೆ ಯಾರೂ 14 ಕ್ಯಾರೆಟ್‌ಗಿಂತ ಜಾಸ್ತಿ ಶುದ್ಧದ ಹೊಸ ಒಡವೆ ಮಾಡುವ ಹಾಗಿಲ್ಲ. ಗಟ್ಟಿ ಚಿನ್ನ, ನಾಣ್ಯ ಮನೆಯಲ್ಲಿದ್ದರೆ ಸರ್ಕಾರಕ್ಕೆ ಲೆಕ್ಕ ಕೊಡಬೇಕು. ಹಾಕಿಕೊಳ್ಳುವ ಒಡವೆಗೆ ಮಾತ್ರ ಆ ಲೆಕ್ಕ ಇಲ್ಲ.

ಸರ್ಕಾರದ ಕಷ್ಟ ಏನಂದರೆ ಯುದ್ಧದ ಸಾಮಾನು ಕೊಳ್ಳಲು ವಿದೇಶಿ ಹಣ ಬೇಕಿತ್ತು. ಆ ಹಣವೆಲ್ಲ ಕಳ್ಳಸಾಗಣೆಯ ಚಿನ್ನಕ್ಕೆ ಹರಿದು ಹೋಗುತ್ತಿತ್ತು. ಹೊರಗೆ ಚಿನ್ನ ಅಗ್ಗ, ಇಲ್ಲಿ ಎರಡರಷ್ಟು ರೇಟು. ಯುದ್ಧದ ಸಮಯದಲ್ಲೇ ಚಿನ್ನದ ಬಾಂಡ್ ತಂದು ನೋಡಿದರು. ಚಿನ್ನ ಕೊಡಿ, 15 ವರ್ಷ ಬಡ್ಡಿ ತಗೊಳ್ಳಿ ಅಂದರು. ಆದರೆ ಚಿನ್ನಕ್ಕೆ ಕಟ್ಟಿದ ಬೆಲೆ 10 ಗ್ರಾಂಗೆ 53 ರೂಪಾಯಿ 58 ಪೈಸೆ, ಅಂತರರಾಷ್ಟ್ರೀಯ ರೇಟು. ಪೇಟೆಯಲ್ಲಿ ಅದರ ಎರಡರಷ್ಟಕ್ಕೂ ಜಾಸ್ತಿ ಸಿಗುತ್ತಿದ್ದಾಗ ಯಾರು ಕೊಡುತ್ತಾರೆ ಹೇಳಿ. ಆಮೇಲೆ ಬಂದದ್ದೇ ಈ 14. ಒಡವೆಯೇ ಕಳಪೆ ಆದರೆ ಹೆಂಗಸರ ಚಿನ್ನದ ಹುಚ್ಚು ಬಿಡುತ್ತದೆ ಅನ್ನೋ ಲೆಕ್ಕಾಚಾರ. ಯಾವ ಹೆಂಗಸನ್ನು ಕೇಳಿ ಹಾಕಿದ ಲೆಕ್ಕವೋ ಗೊತ್ತಿಲ್ಲ.

ಇನ್ನೊಂದು ತಮಾಷೆ ನೋಡಿ. ನಮ್ಮ ಮನೆಯಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ ಕೆಜಿಎಫ್. ಅಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರ್‌ಗೂ ಕೆಳಗೆ ಇಳಿದು ಚಿನ್ನ ತೆಗೆಯುತ್ತಿದ್ದರು. 1956ರಲ್ಲಿ ಮೈಸೂರು ರಾಜ್ಯದ ಕೈಗೆ ಬಂದಿದ್ದ ಗಣಿ, 1962ರಲ್ಲಿ ಕೇಂದ್ರದ ಹಣಕಾಸು ಇಲಾಖೆಗೆ ಹೋಯಿತು. ಚಿನ್ನದ ಜಿಲ್ಲೆಯ ಅಕ್ಕಸಾಲಿಗೆ ಚಿನ್ನವನ್ನು ಚಿನ್ನದ ಹಾಗೆ ಮುಟ್ಟುವ ಹಕ್ಕಿರಲಿಲ್ಲ.

ತಾತನ ಕೆಲಸದ ಜಾಗ ಮನೆಯ ಜಗಲಿ. ಒಂದು ಅಗ್ಗಿಷ್ಟಿಕೆ, ಊದುಗೊಳವೆ, ಚಿಮಟ, ಗುಲಗಂಜಿ ಡಬ್ಬಿ, ಒರೆಗಲ್ಲು. ಮಾಘದ ಮದುವೆಗಳಿಗೆ ಅಂತ ಆಗಲೇ ಮುಂಗಡ ತಗೊಂಡಿದ್ದರು. ಒಬ್ಬೊಬ್ಬರೇ ಬಂದು ಮುಂಗಡ ವಾಪಸ್ ಕೇಳಿದರು. "ಹದಿನಾಲ್ಕರ ತಾಳಿ ಕಟ್ಟಿಸಿಕೊಳ್ಳೋಕೆ ನನ್ನ ಮಗಳೇನು ಅನಾಥಳಾ?" ಅಂತ ಒಬ್ಬರು ಬಾಗಿಲಲ್ಲಿ ನಿಂತು ಕೂಗಾಡಿದ್ದನ್ನು ಅಪ್ಪ ನೆನೆಸಿಕೊಳ್ಳುತ್ತಾರೆ. ಕಾನೂನು ಮಾಡಿದವರು ದೆಹಲಿಯಲ್ಲಿ. ಬೈಸಿಕೊಂಡವರು ಜಗಲಿ ಮೇಲೆ ಕೂತವರು.

14 ಕ್ಯಾರೆಟ್ ಅಂದರೆ 24ರಲ್ಲಿ 14 ಪಾಲು ಚಿನ್ನ, ಅಂದರೆ ನೂರಕ್ಕೆ 58 ಚಿಲ್ಲರೆ. ಮಿಕ್ಕಿದ್ದು ತಾಮ್ರ, ಬೆಳ್ಳಿ. ಅದು ಗಡುಸು. ತೆಳ್ಳಗೆ ಬಡಿಯಲು ಹೋದರೆ ಬಿರುಕು ಬಿಡುತ್ತದೆ. ಮತ್ತೆ ಮತ್ತೆ ಕಾಯಿಸಿ ಮೆತ್ತಗೆ ಮಾಡಿಕೊಳ್ಳಬೇಕು. ಕಾಯಿಸಿದರೆ ಕಪ್ಪಾಗುತ್ತದೆ, ಹುಣಸೆಹುಳಿಯಲ್ಲಿ ತೊಳೆಯಬೇಕು. ಎಷ್ಟು ತೊಳೆದರೂ ಆ ಹಳದಿ ಬರುವುದಿಲ್ಲ. ತಾತನದು ಹತ್ತು ವರ್ಷದ ವಯಸ್ಸಿನಿಂದ 22 ಕ್ಯಾರೆಟ್ ಚಿನ್ನದ ಮೇಲೆ ಪಳಗಿದ ಕೈ. "ಬೆಣ್ಣೆ ಕೆತ್ತುತ್ತಿದ್ದವನಿಗೆ ಬೆಲ್ಲದಚ್ಚು ಕೊಟ್ಟ ಹಾಗಾಯ್ತು" ಅಂತ ತಾತ ಹೇಳುತ್ತಿದ್ದರಂತೆ.

ಕದ್ದು ಮಾಡುವವರು ಮಾಡಿದರು. ರಾತ್ರಿ ಬಾಗಿಲು ಹಾಕಿಕೊಂಡು, ಕಿಟಕಿಗೆ ಗೋಣಿ ಕಟ್ಟಿಕೊಂಡು. ನಮ್ಮೂರಿಗೆ ಬಾಂಬಿನ ಭಯ ಇರಲಿಲ್ಲ, ಆದರೂ ಬ್ಲ್ಯಾಕ್ಔಟ್ ಬಂದಿತ್ತು ಅಂತ ಅಪ್ಪ ಜೋಕ್ ಮಾಡುತ್ತಾರೆ. ತಾತ ಹೆದರಿದರು. ಅವರು ಪ್ರಾಮಾಣಿಕರಾಗಿದ್ದರು ಅಂತಲೂ ಹೇಳಬಹುದು. ಎರಡೂ ಇರಬೇಕು.

ಆ ವರ್ಷ ಮೇ ತಿಂಗಳಲ್ಲಿ ಅತ್ತೆಯ ಮದುವೆ. ಅಕ್ಕಸಾಲಿಯ ಮಗಳು, ಗಂಡಿನ ಕಡೆಯವರೂ ಅಕ್ಕಸಾಲಿಗಳೇ. ಒರೆಗಲ್ಲು ಬೀಗರ ಮನೆಯಲ್ಲೂ ಇತ್ತು. ತಾತ ಓಲೆಯನ್ನು 14ರಲ್ಲೇ ಮಾಡಿದರು. ಬಣ್ಣದ ಕೊರತೆ ಕಾಣದಿರಲಿ ಅಂತ ಕೆಂಪು ಕಲ್ಲು ಒತ್ತೊತ್ತಾಗಿ ಕೂರಿಸಿದರು. ಅತ್ತೆ ಮೂರು ದಿನ ತಾತನ ಹತ್ತಿರ ಮಾತಾಡಲಿಲ್ಲವಂತೆ.

ಸೆಪ್ಟೆಂಬರ್ ಹೊತ್ತಿಗೆ ಸರ್ಕಾರ ಸ್ವಲ್ಪ ಸಡಿಲ ಮಾಡಿತು. ಗಿರಾಕಿಯ ಹಳೆ ಒಡವೆ ಕರಗಿಸಿ ಅದೇ ಶುದ್ಧದಲ್ಲಿ ಹೊಸದು ಮಾಡಬಹುದು ಅಂತ. ನಾಲ್ಕು ತಿಂಗಳು ಕಾದಿದ್ದರೆ ಅಜ್ಜಿಯ ಸರ ಕರಗಿಸಿ 22ರ ಓಲೆ ಆಗುತ್ತಿತ್ತು. ಅಷ್ಟರಲ್ಲಿ ತುಂಬ ಜನ ಕೆಲಸ ಬಿಟ್ಟಿದ್ದರು. ದೇಶದ ಬೇರೆ ಬೇರೆ ಕಡೆ ಅಕ್ಕಸಾಲಿಗರು ಆತ್ಮಹತ್ಯೆ ಮಾಡಿಕೊಂಡರು. ನಮ್ಮ ತಾತ ಗಡಿಯಾರ ರಿಪೇರಿ ಕಲಿತರು. ಸಣ್ಣ ಚಿಮಟ, ಸಣ್ಣ ತಿರುಪು, ಕೈ ಒಗ್ಗಿಕೊಂಡಿತು. ನನಗೆ ನೆನಪಿರುವುದು ಆ ತಾತ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತವರು.

1965ರಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಬಂದಾಗ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತು ಊಟ ಬಿಡಿ ಅಂದರು. ಸೋಮವಾರ ರಾತ್ರಿ ಎಲ್ಲರ ಮನೆಯಲ್ಲಿ ಒಲೆ ಹಚ್ಚಲಿಲ್ಲ. "ನಮಗೆ ಎರಡು ವರ್ಷದಿಂದ ಅಭ್ಯಾಸ ಆಗಿತ್ತು" ಅಂತ ಅಜ್ಜಿ.

ಆ 14ರ ನಿಯಮ 1966ರಲ್ಲಿ ಹೋಯಿತು. 1962ರಲ್ಲಿ ಹೇರಿದ ತುರ್ತು ಪರಿಸ್ಥಿತಿ 1968ರ ಜನವರಿವರೆಗೂ ಇತ್ತು. ಅದು ಮುಗಿದ ವರ್ಷವೇ ಚಿನ್ನ ನಿಯಂತ್ರಣಕ್ಕೆ ಬೇರೆ ಕಾಯ್ದೆ ಬಂತು. ಅದು ರದ್ದಾದದ್ದು 1990ರಲ್ಲಿ. ಒಂದು ತಿಂಗಳ ಯುದ್ಧ, 27 ವರ್ಷದ ಕಾನೂನು. ತಾತ 1986ರಲ್ಲೇ ಹೋದರು.

ಅಪ್ಪನನ್ನು ತಾತ ಊದುಗೊಳವೆ ಮುಟ್ಟಲು ಬಿಡಲಿಲ್ಲ. ಓದಿಸಿದರು. ಅಪ್ಪ ಕೆಜಿಎಫ್‌ನ ಬಿಇಎಂಎಲ್ ಸೇರಿದರು. ಅದು 1964ರಲ್ಲಿ ಹುಟ್ಟಿದ, ರಕ್ಷಣಾ ಇಲಾಖೆಯ ಕಂಪನಿ. ಯುದ್ಧದ ಇಲಾಖೆ ತಾತನ ಅನ್ನ ಕಿತ್ತುಕೊಂಡು ಮಗನಿಗೆ ಕೊಟ್ಟಿತು ಅನ್ನಬಹುದೇನೋ. ಅಪ್ಪನಿಗೆ ಈ ಮಾತು ಇಷ್ಟ ಆಗುವುದಿಲ್ಲ. "ಕಿತ್ಕೊಂಡಿದ್ದು ಹಣಕಾಸು ಇಲಾಖೆ" ಅಂತ ತಿದ್ದುತ್ತಾರೆ.

ನನಗೆ ಇದೆಲ್ಲ ಕಥೆಯಾಗಿಯೇ ಇತ್ತು, 2022ರವರೆಗೆ. ನಾನು ಮನೆಯಲ್ಲೇ ನಿಪ್ಪಟ್ಟು, ಚಕ್ಕುಲಿ, ಕೋಡುಬಳೆ ಮಾಡಿ ಬೇಕರಿಗಳಿಗೆ ಹಾಕುತ್ತೇನೆ. ಜೊತೆಗೆ ಇಬ್ಬರು ಹೆಂಗಸರು. ಫೆಬ್ರವರಿ 24ಕ್ಕೆ ರಷ್ಯಾ ಉಕ್ರೇನ್ ಮೇಲೆ ನುಗ್ಗಿತು. ನಾನು ಟಿವಿ ನೋಡಿ ಪಾಪ ಅಂದುಕೊಂಡೆ, ಅಷ್ಟೇ. ಆಗ ನಮ್ಮ ದೇಶಕ್ಕೆ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ದೊಡ್ಡ ಪಾಲು ಉಕ್ರೇನಿನದು, ಅದು ಬಿಟ್ಟರೆ ರಷ್ಯಾದ್ದು ಅಂತ ನನಗೆ ಹೇಳಿದ್ದು ಎಣ್ಣೆ ಅಂಗಡಿಯವನು. ಡಬ್ಬದ ರೇಟು ದಿನಕ್ಕೊಂದು. ಕಪ್ಪು ಸಮುದ್ರದ ಬಂದರು ಮುಚ್ಚಿದರೆ ಕೋಲಾರದ ಬಾಣಲಿ ಆರುತ್ತದೆ ಅಂತ ಯಾರಿಗೆ ಗೊತ್ತಿತ್ತು. ಪಾಮ್ ಎಣ್ಣೆಗೆ ಹೋಗೋಣ ಅಂದರೆ ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ಅದರ ರಫ್ತನ್ನೇ ನಿಲ್ಲಿಸಿತು.

ಮಾರ್ಚ್ 1ಕ್ಕೆ ಖಾರ್ಕಿವ್‌ನಲ್ಲಿ ಓದುತ್ತಿದ್ದ ಹಾವೇರಿ ಜಿಲ್ಲೆಯ ಹುಡುಗ ಶೆಲ್ ದಾಳಿಯಲ್ಲಿ ಸತ್ತ ಸುದ್ದಿ ಬಂತು. ತಿನ್ನೋದಕ್ಕೆ ತರಲು ಹೋಗಿ ಸಾಲಿನಲ್ಲಿ ನಿಂತಿದ್ದನಂತೆ. ಆ ಹೊತ್ತಿಗೆ ನಾನು ಎಣ್ಣೆಯ ಲೆಕ್ಕ ಬರೆಯುತ್ತಿದ್ದೆ. ಪುಸ್ತಕ ಮುಚ್ಚಿಟ್ಟೆ. ಸಂಜೆ ಮತ್ತೆ ತೆಗೆಯಲೇಬೇಕಾಯಿತು.

ರೇಟು ಏರಿಸಿದರೆ ಬೇಕರಿಯವರು ತಗೊಳ್ಳುವುದಿಲ್ಲ. ನಿಪ್ಪಟ್ಟಿನ ಅಗಲ ಕಮ್ಮಿ ಮಾಡಿದೆ. ಕಡಲೆಬೀಜವೂ ಒಂದು ಹಿಡಿ ಕಮ್ಮಿ. "ಏನಕ್ಕಾ, ಲಾಭ ಜಾಸ್ತಿ ಬೇಕಾಯ್ತಾ?" ಅಂತ ಒಬ್ಬ ಬೇಕರಿಯವನು ಗಿರಾಕಿಗಳ ಎದುರೇ ಕೇಳಿದ. ಉಕ್ರೇನ್ ಅಂತ ಬಾಯಿ ತೆಗೆದೆ. ಎಲ್ಲರೂ ನಕ್ಕರು.

ಮನೆಗೆ ಬಂದು ಅತ್ತೆಗೆ ಹೇಳಿದರೆ, ಒಂದು ನಿಪ್ಪಟ್ಟು ತಗೊಂಡು ಬೆಳಕಿಗೆ ಹಿಡಿದು ನೋಡಿದರು. "ನೀನೂ ಹದಿನಾಲ್ಕು ಕ್ಯಾರೆಟ್ ನಿಪ್ಪಟ್ಟು ಮಾಡೋಕೆ ಶುರು ಮಾಡಿದ್ಯಾ?" ಅಂದರು. ಆಮೇಲೆ ಎಣ್ಣೆ ಇಳಿಯಿತು. ನಿಪ್ಪಟ್ಟು ಮಾತ್ರ ಮೊದಲಿನ ಅಗಲಕ್ಕೆ ವಾಪಸ್ ಬರಲಿಲ್ಲ. ಇದನ್ನು ಇಲ್ಲಿ ಬರೆಯಬಾರದಿತ್ತೇನೋ.

ಒಡವೆ ಅಂಗಡಿಗೆ ವಾಪಸ್ ಬರ್ತೀನಿ. ಹೊರಗೆ ಬರುವಾಗ ಪಕ್ಕದ ಕೌಂಟರ್ ನೋಡಿದೆ. ಕಾಲೇಜು ಹುಡುಗಿಯರಿಗೆ ಅಂತ ತೆಳ್ಳನೆಯ ಸರ, ಉಂಗುರ ಜೋಡಿಸಿಟ್ಟಿದ್ದರು. ಬೋರ್ಡ್ ಮೇಲೆ ದೊಡ್ಡದಾಗಿ 14 ಕ್ಯಾರೆಟ್, ಹಾಲ್‌ಮಾರ್ಕ್ ಅಂತ ಇತ್ತು. ಚಿನ್ನದ ರೇಟು ಏರಿದ ಮೇಲೆ ಇದೇ ಈಗ ಫ್ಯಾಷನ್ ಅಂತೆ.

ಅಲ್ಲಿಂದ ಪೇಟೆಯ ಗಲ್ಲಿಯಲ್ಲಿರುವ ಒಬ್ಬ ಹಳೆಯ ಆಚಾರ್ರ ಹತ್ತಿರ ಹೋದೆವು. ಕಾಲು ಚಾಚಿದರೆ ಗೋಡೆ ತಾಗುವಷ್ಟು ಅಂಗಡಿ. ವಯಸ್ಸು ಅತ್ತೆಗಿಂತ ಎರಡು ಮೂರು ವರ್ಷ ಕಮ್ಮಿ ಇರಬಹುದು. ಮೊಬೈಲಿನಲ್ಲಿ ಭಜನೆ ಹಾಕಿಕೊಂಡು ಕೂತಿದ್ದರು. ನಾನು ಏನೂ ಹೇಳಲಿಲ್ಲ, ಓಲೆ ಕೈಗೆ ಕೊಟ್ಟೆ. ಒರೆಗಲ್ಲಿನ ಮೇಲೆ ಒಂದು ಗೀರು ಎಳೆದರು. ಬೆಳಕಿಗೆ ತಿರುಗಿಸಿದರು.

"ಹದಿನಾಲ್ಕು" ಅಂದರು. ಆಮೇಲೆ ಅತ್ತೆಯ ಮುಖ ನೋಡಿದರು. "ಮದುವೆ ಯಾವಾಗ ಆಗಿದ್ದಮ್ಮ?"

ಇದು ಮಾತ್ರ ಅತ್ತೆಗೆ ಸರಿಯಾಗಿ ಕೇಳಿಸಿತು. "ಅರವತ್ಮೂರು. ಮೇ ತಿಂಗಳು."

"ಹಂಗಿದ್ರೆ ಸರಿಯಾಗೇ ಇದೆ."

ಅವರು ತಿರುಪು ಬಿಚ್ಚಿ ಹೊಸ ಮರೆ, ಅಂದರೆ ತಿರುಪಿನ ಸುತ್ತುಗೆರೆ, ಹಾಕುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. 300 ರೂಪಾಯಿ ಕೇಳಿದರು. ಅತ್ತೆ ಚೌಕಾಸಿ ಮಾಡಿ 250 ಕೊಟ್ಟರು.