ಲಕ್ಷ ಜನರ ಗದ್ದಲದಲ್ಲಿ ಬ್ಯಾಂಡ್ ಯಾರಿಗೆ ಕೇಳುತ್ತೆ?

ನಮ್ಮ ಮಗಳು ಇಲ್ಲಿ ಅಮೆರಿಕದಲ್ಲಿ ಕಾಲೇಜಿನ ಮಾರ್ಚಿಂಗ್ ಬ್ಯಾಂಡ್, ಅಂದರೆ ಫುಟ್‌ಬಾಲ್ ಆಟದ ದಿನ ಸ್ಟೇಡಿಯಂನಲ್ಲಿ ನಡೆಯುತ್ತಾ ನುಡಿಸುವ ವಾದ್ಯಮೇಳ ಸೇರಿದ್ದಾಳೆ, ಮೆಲೊಫೋನ್ ಅನ್ನುವ ತುತ್ತೂರಿ ಊದುತ್ತಾಳೆ. ಇದನ್ನು ಹೇಳಿದರೆ ಮೆಲೊಫೋನ್ ಅಂದರೆ ಏನು ಅಂತ ಯಾರೂ ಕೇಳುವುದಿಲ್ಲ. ಕೇಳುವ ಪ್ರಶ್ನೆ ಒಂದೇ. ಮೈಸೂರಿನಿಂದ ದೊಡ್ಡಪ್ಪ ಫೋನಿನಲ್ಲಿ ಕೇಳಿದರು, "ಅಲ್ಲ ಕಣಮ್ಮಾ, ಲಕ್ಷ ಜನ ಒಟ್ಟಿಗೆ ಕಿರುಚ್ತಾ ಇರ್ತಾರೆ. ಮಕ್ಕಳು ಊದಿದ್ದು ಯಾರಿಗೆ ಕೇಳುತ್ತೆ? ಒಂದು ಮೈಕ್ ಇಡಬಾರದಾ?" ಕನ್ನಡ ಕೂಟದ ಯುಗಾದಿ ಊಟದಲ್ಲಿ ಪಕ್ಕದಲ್ಲಿ ಕೂತವರೂ ಅದನ್ನೇ ಕೇಳಿದರು. ಆಫೀಸಿನಲ್ಲೂ ಅದೇ.

ಚಿಕ್ಕ ಉತ್ತರ ಹೇಳಿಬಿಡುತ್ತೇನೆ. ಎಲ್ಲರಿಗೂ ಕೇಳುವುದಿಲ್ಲ. ಕೇಳುವವರಿಗೂ ಒಂದೇ ಥರ ಕೇಳುವುದಿಲ್ಲ. ಮೈಕ್ ಇಟ್ಟರೆ ಎಷ್ಟೋ ಸಲ ಇನ್ನೂ ಕೆಡುತ್ತದೆ. ಪುರುಸೊತ್ತು ಇದ್ದವರು ಮುಂದೆ ಓದಿ.

ಲಕ್ಷ ಜನ ಅನ್ನುವುದು ಉತ್ಪ್ರೇಕ್ಷೆ ಅಲ್ಲ. ಆನ್ ಆರ್ಬರ್‌ನಲ್ಲಿರುವ ಮಿಷಿಗನ್ ಸ್ಟೇಡಿಯಂ 1927ರದ್ದು, ಅಲ್ಲಿ 1,07,601 ಸೀಟುಗಳಿವೆ. ಕೊಲಂಬಸ್‌ನ ಓಹಾಯೋ ಸ್ಟೇಡಿಯಂ 1922ರದ್ದು, ಅದೂ ಲಕ್ಷ ದಾಟುತ್ತದೆ. ನೆನಪಿರಲಿ, ಇವು ಕಾಲೇಜು ಹುಡುಗರ ಆಟಕ್ಕೆ ಕಟ್ಟಿದ ಸ್ಟೇಡಿಯಂಗಳು! ಇನ್ನು ಗದ್ದಲ. 1992ರಲ್ಲಿ ಸಿಯಾಟಲ್‌ನ ಹಸ್ಕಿ ಸ್ಟೇಡಿಯಂನಲ್ಲಿ 133.6 ಡೆಸಿಬೆಲ್ ಅಳೆದಿದ್ದರು. ಅಷ್ಟು ಸದ್ದಿನ ಎದುರು ಯಾವ ಬ್ಯಾಂಡೂ ನಿಲ್ಲುವುದಿಲ್ಲ. ದೊಡ್ಡಪ್ಪನ ಅನುಮಾನ ಅಷ್ಟರ ಮಟ್ಟಿಗೆ ಸರಿ.

ಆದರೆ ಆ ಗದ್ದಲ ಮೂರೂವರೆ ಗಂಟೆ ಒಂದೇ ಸಮ ಇರುವುದಿಲ್ಲ. ಅಮೆರಿಕನ್ ಫುಟ್‌ಬಾಲ್ ಕೆಲವು ಸೆಕೆಂಡ್ ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ. ಎದುರಾಳಿ ಕೈಯಲ್ಲಿ ಚೆಂಡು ಇದ್ದಾಗ ಜನ ಬೇಕಂತಲೇ ಕಿರುಚುತ್ತಾರೆ, ಅವರ ಕ್ವಾರ್ಟರ್‌ಬ್ಯಾಕ್, ಅಂದರೆ ಆಟ ನಡೆಸುವವನು, ಕೂಗಿ ಹೇಳಿದ್ದು ಅವರ ಆಟಗಾರರಿಗೇ ಕೇಳಬಾರದು ಅಂತ. ತಮ್ಮ ತಂಡದ ಸರದಿ ಬಂದಾಗ ಅದೇ ಜನ ಪಾಠ ಶುರುವಾದ ಕ್ಲಾಸಿನ ಹಾಗೆ ತಣ್ಣಗಾಗುತ್ತಾರೆ. ಚೆಂಡು ಆಟಕ್ಕೆ ಬರುವ ಹೊತ್ತಿಗೆ ಬ್ಯಾಂಡ್ ಬಾಯಿ ಮುಚ್ಚಿರಬೇಕು. ತಂಡದ ಸಂಕೇತ ಕೇಳದ ಹಾಗೆ ಸದ್ದು ಮಾಡಬಾರದು ಅನ್ನುವ ನಿಯಮದಲ್ಲಿ ಬ್ಯಾಂಡ್‌ನ ಹೆಸರೂ ಇದೆ. ಹಾಗಾಗಿ ಸೀಟಿನಲ್ಲಿ ಕೂತ ಬ್ಯಾಂಡ್‌ಗೆ ಸಿಗುವುದು ಒಂದು ಓಟ ಮುಗಿದು ಇನ್ನೊಂದು ಶುರುವಾಗುವ ನಡುವಿನ ಸಂದು ಮಾತ್ರ. ಅದಕ್ಕೇ ಅವರ ಬಳಿ ಹತ್ತು ಹದಿನೈದು ಸೆಕೆಂಡಿನ ತುಣುಕುಗಳು ರಾಶಿ ಇರುತ್ತವೆ. ನಾಲ್ಕು ಸ್ವರ ಊದುತ್ತಾರೆ, ಜನ ಮುಂದಿನದ್ದನ್ನು ಕೂಗಿ ಮುಗಿಸುತ್ತಾರೆ. ಇಲ್ಲಿ ಬ್ಯಾಂಡ್ ಗದ್ದಲದ ಜೊತೆ ಪೈಪೋಟಿಗೆ ಇಳಿದಿಲ್ಲ, ಗದ್ದಲಕ್ಕೆ ತಾಳ ಹಾಕಿಕೊಡುತ್ತಿದೆ. ಆ ನಾಲ್ಕು ಸ್ವರ ಎಲ್ಲರಿಗೂ ಕೇಳಬೇಕಿಲ್ಲ. ಹತ್ತಿರದ ಐದಾರು ಸಾವಿರ ವಿದ್ಯಾರ್ಥಿಗಳಿಗೆ ಕೇಳಿದರೆ ಸಾಕು, ಉಳಿದವರಿಗೆ ಅವರೇ ಮುಟ್ಟಿಸುತ್ತಾರೆ.

ನಿಜವಾಗಿ ಸಂಗೀತ ಅಂತ ಕೂತು ಕೇಳುವುದು ಹಾಫ್‌ಟೈಮ್‌ನಲ್ಲಿ, ಅಂದರೆ ಆಟದ ನಡುವಿನ ವಿರಾಮದಲ್ಲಿ, ಬ್ಯಾಂಡ್ ಮೈದಾನಕ್ಕೆ ಇಳಿದಾಗ. ಕಾಲೇಜು ಆಟದಲ್ಲಿ ಅದು 20 ನಿಮಿಷ. ಆಗ ಜನ ಅರ್ಧ ಖಾಲಿ ಆಗಿರುತ್ತಾರೆ, ಹಾಟ್ ಡಾಗ್‌ಗೋ ಟಾಯ್ಲೆಟ್‌ಗೋ ಹೋಗಿರುತ್ತಾರೆ. ಗದ್ದಲ ಕಡಿಮೆ, ಹಾಗಾಗಿ ನನಗೆ ಅದು ಒಳ್ಳೆಯದೇ.

"ಕೇಳುವುದಿಲ್ಲ ಅಂದರೆ ಇನ್ನೂ ಜಾಸ್ತಿ ಜನರನ್ನು ಸೇರಿಸಿ" ಅನ್ನುವವರಿದ್ದಾರೆ. ಲೆಕ್ಕ ಹಾಗೆ ಕೆಲಸ ಮಾಡುವುದಿಲ್ಲ. ಊದುವವರನ್ನು ಎರಡು ಪಟ್ಟು ಮಾಡಿದರೆ ಏರುವುದು ಸುಮಾರು 3 ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ಜನ. ಇನ್ನೂರು ಜನರ ಬ್ಯಾಂಡ್‌ಗೆ ಎರಡು ಸಾವಿರ! ಇನ್ನೊಂದು ಕಡೆ, ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಸೋರಿಹೋಗುತ್ತದೆ. ಬ್ಯಾಂಡ್‌ನಿಂದ 25 ಮೀಟರ್ ದೂರ ಕೂತವರಿಗೂ 100 ಮೀಟರ್ ದೂರ ಕೂತವರಿಗೂ 12 ಡೆಸಿಬೆಲ್ ಅಂತರ. ಅದನ್ನು ತುಂಬಬೇಕಾದರೆ ಊದುವವರು ಹದಿನಾರು ಪಟ್ಟು ಬೇಕು. ಜನ ಸೇರಿಸಿ ಗೆಲ್ಲುವ ಆಟ ಅಲ್ಲ ಇದು.

ಗೆಲ್ಲುವುದು ದಿಕ್ಕಿನಿಂದ. ನಮ್ಮ ಮಗಳು ಫ್ರೆಂಚ್ ಹಾರ್ನ್ ಕಲಿತವಳು. ಅದರ ಬಾಯಿ ಹಿಂದಕ್ಕೆ ತಿರುಗಿರುತ್ತದೆ. ಊದಿದ ಸದ್ದು ಸಭಾಂಗಣದ ಗೋಡೆಗೆ ಬಡಿದು ಮೆತ್ತಗಾಗಿ ಬರುತ್ತದೆ, ಕೇಳಲು ಬಹಳ ಚೆನ್ನ. ಮೈದಾನದಲ್ಲಿ ಹಿಂದೆ ಗೋಡೆ ಎಲ್ಲಿದೆ? ಅದಕ್ಕೇ ಮೆಲೊಫೋನ್. ಹಾರ್ನ್‌ನ ಕೆಲಸವನ್ನೇ ಮಾಡುತ್ತದೆ, ಬಾಯಿ ಮಾತ್ರ ನೇರ ಮುಂದಕ್ಕೆ. ದನಿ ಅಷ್ಟು ಇಂಪಲ್ಲ, ನಿಜ ಹೇಳಬೇಕೆಂದರೆ ಸ್ವಲ್ಪ ಒರಟು. ಆದರೆ ತಲುಪುತ್ತದೆ.

ಸೂಸಾಫೋನ್ ಕಥೆ ಇನ್ನೂ ಮಜಾ. ಹೆಗಲ ಮೇಲೆ ಹೆಬ್ಬಾವಿನಂತೆ ಸುತ್ತಿಕೊಂಡಿರುತ್ತದಲ್ಲ, ಆ ದೊಡ್ಡ ಹಿತ್ತಾಳೆ ವಾದ್ಯ. ಬ್ಯಾಂಡ್ ನಾಯಕ ಜಾನ್ ಫಿಲಿಪ್ ಸೂಸಾ 1890ರ ದಶಕದಲ್ಲಿ ತನಗಾಗಿ ಮಾಡಿಸಿಕೊಂಡಾಗ ಅದರ ಬಾಯಿ ಆಕಾಶ ನೋಡುತ್ತಿತ್ತು. ಸದ್ದು ಮೇಲೆ ಹೋಗಿ ಇಡೀ ವಾದ್ಯಮೇಳದ ಮೇಲೆ ಹರಡಲಿ ಅನ್ನುವುದು ಅವನ ಆಸೆ. ಮಳೆ ಹಿಡಿಯುವ ವಾದ್ಯ ಅಂತ ಜನ ಗೇಲಿ ಮಾಡಿದ್ದೂ ಇದೆ. ಬಾಯಿ ಮುಂದಕ್ಕೆ ತಿರುಗಿದ್ದು ಆಮೇಲೆ.

ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಬ್ಯಾಂಡ್‌ನವರು 1934ರಲ್ಲಿ ಕ್ಲಾರಿನೆಟ್, ಫ್ಲೂಟು, ಸ್ಯಾಕ್ಸೊಫೋನ್ ಎಲ್ಲ ತೆಗೆದು ಬರೀ ಹಿತ್ತಾಳೆ ಮತ್ತು ಡ್ರಮ್ ಇಟ್ಟುಕೊಂಡರು. ಈಗಲೂ ಹಾಗೇ. ಕ್ಲಾರಿನೆಟ್‌ನವರಿಗೆ ಬೇಜಾರಾಗುವ ಮಾತು, ಆದರೆ ಅಷ್ಟು ದೊಡ್ಡ ಬಯಲಿನಲ್ಲಿ ಅವರ ಸದ್ದು ಪಕ್ಕದವರಿಗೆ ಬಿಟ್ಟರೆ ಇನ್ಯಾರಿಗೂ ಕೇಳುವುದು ಕಷ್ಟ. ಪಿಕೊಲೊ ಮಾತ್ರ ಬೇರೆ ವಿಷಯ. ನಮ್ಮ ಕಿವಿ ಕೀಚಲು ಸ್ವರವನ್ನು ಚೆನ್ನಾಗಿ ಹಿಡಿಯುತ್ತದೆ, ಹಾಗಾಗಿ ಒಂದಡಿ ಉದ್ದದ ಆ ಪುಟ್ಟ ಕೊಳಲು ಗದ್ದಲ ಸೀಳಿಕೊಂಡು ಬರುತ್ತದೆ. ಅಂದ ಹಾಗೆ ಅದೇ ಓಹಾಯೋ ಬ್ಯಾಂಡ್ 1936ರಿಂದ ಮೈದಾನದಲ್ಲಿ ಸಾಲಾಗಿ ನಡೆಯುತ್ತಾ ಓಹಾಯೋ (Ohio) ಅಂತ ಇಂಗ್ಲಿಷ್ ಕೂಡು ಅಕ್ಷರದಲ್ಲಿ ಬರೆಯುತ್ತದೆ, ಕೊನೆಗೆ ಒಬ್ಬ ಸೂಸಾಫೋನ್‌ನವನು ಠೀವಿಯಿಂದ ನಡೆದು ಬಂದು i ಅಕ್ಷರದ ಚುಕ್ಕಿಯ ಜಾಗದಲ್ಲಿ ನಿಂತು ಬಾಗುತ್ತಾನೆ. ಆ ಹೊತ್ತಿನಲ್ಲಿ ಸಂಗೀತ ಕೇಳುತ್ತಿದ್ದೆ ಅಂತ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ದಿಕ್ಕಿಗಿಂತ ಕಷ್ಟದ್ದು ಸಮಯ. ಇದು ಗೊತ್ತಾದ ಮೇಲೆ ನನಗೆ ಬ್ಯಾಂಡ್ ನೋಡುವ ರೀತಿಯೇ ಬದಲಾಯಿತು. ಶಬ್ದ ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಒಂದು ಗೋಲ್ ಗೆರೆಯಿಂದ ಇನ್ನೊಂದಕ್ಕೆ 100 ಗಜ, ಅಂದರೆ 91 ಮೀಟರ್ ಚಿಲ್ಲರೆ. ಅದನ್ನು ದಾಟಲು ಶಬ್ದಕ್ಕೆ 0.27 ಸೆಕೆಂಡ್ ಬೇಕು. ಇಷ್ಟೇನಾ ಅನ್ನಬೇಡಿ. ನಿಮಿಷಕ್ಕೆ 120 ಪೆಟ್ಟಿನ ನಡೆಯಲ್ಲಿ ಒಂದು ಪೆಟ್ಟಿಗೆ ಅರ್ಧ ಸೆಕೆಂಡ್. ಈ ತುದಿಯವನು ಊದಿದ್ದನ್ನು ಆ ತುದಿಯವಳು ಕಿವಿಯಿಂದ ಕೇಳಿ ಜೊತೆಗೂಡಿದಳು ಅನ್ನಿ. ಅವಳು ಆಗಲೇ ಅರ್ಧ ಪೆಟ್ಟು ಹಿಂದೆ. ಅವಳ ಸದ್ದು ವಾಪಸ್ ಈ ತುದಿಗೆ ಬರುವಷ್ಟರಲ್ಲಿ ಮತ್ತೆ 0.27 ಸೆಕೆಂಡ್. ಈ ಕಡೆ ಕೂತವರಿಗೆ ಅವಳು ಪೂರ್ತಿ ಒಂದು ಪೆಟ್ಟು ತಡವಾಗಿ ಕೇಳುತ್ತಾಳೆ. ಇಬ್ಬರೂ ತಮ್ಮ ಪಾಲಿಗೆ ಸರಿಯಾಗಿಯೇ ಊದಿದ್ದಾರೆ, ಕೇಳುವವರಿಗೆ ಮಾತ್ರ ಗೋಜಲು.

ಹಾಗಾಗಿ ಮೈದಾನದಲ್ಲಿ ಮಕ್ಕಳಿಗೆ ಹೇಳಿಕೊಡುವ ಮೊದಲ ಪಾಠ, ಪಕ್ಕದಿಂದ ಬರುವ ಸದ್ದನ್ನು ನಂಬಬೇಡಿ, ಮುಂದೆ ನಿಂತು ಕೈಯಾಡಿಸಿ ತಾಳ ತೋರಿಸುವ ಡ್ರಮ್ ಮೇಜರ್‌ನ ಕೈ ನೋಡಿ. ಬೆಳಕಿಗೆ ತಡ ಅನ್ನುವುದೇ ಇಲ್ಲವಲ್ಲ. ನಮ್ಮಲ್ಲಿ ಸಂಗೀತ ಕಲಿಯುವವರಿಗೆ ಹೇಳುವುದು ಇದರ ಪೂರ್ತಿ ಉಲ್ಟಾ. ಕಿವಿಗೊಟ್ಟು ಕೇಳು, ಜೊತೆಗೆ ಹೋಗು ಅನ್ನುತ್ತೇವೆ. ನಮ್ಮ ಮಗಳಿಗೆ ಇದು ಅಭ್ಯಾಸ ಆಗಲು ತುಂಬಾ ದಿನ ಹಿಡಿಯಿತು. ಮತ್ತೆ ಡ್ರಮ್‌ನವರನ್ನು ಸಾಮಾನ್ಯವಾಗಿ ಹಿಂದುಗಡೆ, ಮಧ್ಯದಲ್ಲಿ ಇಡುತ್ತಾರೆ. ಮುಂದಿನ ಗೆರೆಯ ಹತ್ತಿರ ಮರಿಂಬಾ, ಸೈಲೊಫೋನ್‌ನಂಥ ಪಟ್ಟಿ ಬಾರಿಸುವ ವಾದ್ಯ ಇಟ್ಟುಕೊಳ್ಳುವ ಬ್ಯಾಂಡ್‌ಗಳಲ್ಲಿ ಆ ವಾದ್ಯದವರು ಕೈ ನೋಡುವುದಿಲ್ಲ, ಬೆನ್ನ ಹಿಂದಿನಿಂದ ಬರುವ ಡ್ರಮ್ ಕೇಳಿಕೊಂಡು ಬಾರಿಸುತ್ತಾರೆ. ಆಗ ಹಿಂದಿನ ಸದ್ದೂ ಮುಂದಿನ ಸದ್ದೂ ಒಟ್ಟಿಗೆ ಸೇರಿ ಒಂದೇ ಅಲೆಯಾಗಿ ಎದುರಿನ ಸೀಟುಗಳಿಗೆ ಹೋಗುತ್ತದೆ.

ಎದುರಿನ ಸೀಟುಗಳಿಗೆ ಅಂದೆ, ಗಮನಿಸಿ. ಈ ಎಲ್ಲ ಲೆಕ್ಕಾಚಾರ ಒಂದು ಕಡೆಯವರಿಗಾಗಿ. ಹಿಂಭಾಗದಲ್ಲಿ ಟಿಕೆಟ್ ತೆಗೆದುಕೊಂಡವರಿಗೆ ಡ್ರಮ್ ಮೊದಲು, ತುತ್ತೂರಿ ಆಮೇಲೆ, ಅದೂ ಮಸುಕು. ನಡುವೆ ಒಂದು ಸಲ ಬ್ಯಾಂಡ್ ಹಿಂದಕ್ಕೆ ತಿರುಗಿ ಅವರಿಗೂ ಒಂದಿಷ್ಟು ಊದುವುದು ಇದೆ. ಮರ್ಯಾದೆಗೆ.

ಈಗ ಮೈಕ್. ಹಾಫ್‌ಟೈಮ್‌ನಲ್ಲಿ ಒಬ್ಬರೇ ಊದುವ ಭಾಗಕ್ಕೆ, ಮರಿಂಬಾಗೆ ಮೈಕ್ ಇಡುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಇಡೀ ಬ್ಯಾಂಡ್ ಸದ್ದನ್ನು ಸ್ಟೇಡಿಯಂನ ಸ್ಪೀಕರ್‌ಗೆ ಕೊಟ್ಟರೆ, ಆ ಸ್ಪೀಕರ್ ದೂರದ ಸ್ಕೋರ್‌ಬೋರ್ಡ್ ಪಕ್ಕ ಇದ್ದರೆ, ಊದಿದವರಿಗೇ ತಮ್ಮ ಸದ್ದು ಅರ್ಧ ಸೆಕೆಂಡ್ ಬಿಟ್ಟು ವಾಪಸ್ ಬರುತ್ತದೆ. ಫೋನಿನಲ್ಲಿ ನಮ್ಮ ಮಾತು ನಮಗೇ ತಡವಾಗಿ ಕೇಳಿದರೆ ನಾಲಿಗೆ ತೊದಲುತ್ತದಲ್ವಾ, ಹಾಗೇ ತಾಳ ತಪ್ಪುತ್ತದೆ.

ಅಸಲಿಗೆ ಬ್ಯಾಂಡ್ ಕೇಳದಂತೆ ಮಾಡುತ್ತಿರುವುದು ಜನರ ಕಿರುಚಾಟ ಅಲ್ಲ, ಇದೇ ಸ್ಪೀಕರ್‌ಗಳು. ಟಿವಿ ಜಾಹೀರಾತಿಗೆ ಆಟ ನಿಂತಾಗ ಹಿಂದೆಲ್ಲ ಬ್ಯಾಂಡ್‌ನದೇ ರಾಜ್ಯ. ಈಗ ಆ ಹೊತ್ತಿಗೆ ರೆಕಾರ್ಡ್ ಹಾಡು, ಪ್ರಾಯೋಜಕರ ಪ್ರಕಟಣೆ, ದೊಡ್ಡ ಪರದೆಯ ವಿಡಿಯೊ. ನಮ್ಮ ಮಗಳ ಕಾಲೇಜಿನಲ್ಲಿ ನಾನೇ ನೋಡಿದ್ದೇನೆ. ನೂರಾರು ಮಕ್ಕಳು ವಾದ್ಯ ಎತ್ತಿ ಹಿಡಿದು ಊದಲು ಸಿದ್ಧ, ಅಷ್ಟರಲ್ಲಿ ಸ್ಪೀಕರ್‌ನಿಂದ ಯಾವುದೋ ಹಾಡು ಧಡಲ್ ಅಂತ ಶುರು. ಎಲ್ಲರೂ ವಾದ್ಯ ಇಳಿಸಿದರು. ಬೇಸಿಗೆ ಬಿಸಿಲಿನಲ್ಲಿ ದಿನವಿಡೀ ಅಭ್ಯಾಸ ಮಾಡಿದ ಮಕ್ಕಳಿಗೆ ಒಂದು ಬಟನ್ ಒತ್ತಿ ಸುಮ್ನಿರಿ ಅಂದ ಹಾಗೆ. ಆಟಗಾರರಿಗೆ ಆ ಹಾಡು ಇಷ್ಟ, ಹೊಸ ಹುಡುಗರು ಅದಕ್ಕೇ ಬರುತ್ತಾರೆ ಅನ್ನುವ ವಾದ ಇದೆ. ಇರಬಹುದು. ಆದರೆ ಆ ಹಾಡನ್ನು ಕಾರಿನಲ್ಲೂ ಕೇಳಬಹುದು, ಬ್ಯಾಂಡ್ ಕೇಳಲು ಸ್ಟೇಡಿಯಂಗೇ ಬರಬೇಕು.

ಸ್ಟೇಡಿಯಂ ಕಟ್ಟಿರುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಮಿಷಿಗನ್ ಸ್ಟೇಡಿಯಂ ನೆಲ ಅಗೆದು ಮಾಡಿದ ಅಗಲದ ಬಟ್ಟಲು. ಸದ್ದು ಹಾಗೇ ಆಕಾಶಕ್ಕೆ ಹೋಗಿಬಿಡುತ್ತಿತ್ತು, ಅಷ್ಟು ಜನ ಇದ್ದೂ ಸದ್ದಿಲ್ಲ ಅನ್ನುವ ಹೆಸರು ಬಂದಿತ್ತು. 2010ರಲ್ಲಿ ಎರಡೂ ಬದಿಗೆ ಎತ್ತರದ ಕಟ್ಟಡಗಳು ಎದ್ದವು. ಅವನ್ನು ಕಟ್ಟಿದ್ದು ದುಡ್ಡಿನವರ ಬಾಕ್ಸ್ ಸೀಟುಗಳಿಗಾಗಿ, ಆದರೆ ಸದ್ದಿಗೂ ಗೋಡೆ ಸಿಕ್ಕಿತು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯಿತು. ನಾನು ಹೇಳಿದ್ದೆಲ್ಲ ಆಟಕ್ಕೆ ಬಂದವರಿಗೆ ಬ್ಯಾಂಡೂ ಕೇಳುವ ಜಾಗಗಳ ವಿಷಯ. ಬ್ಯಾಂಡ್ ಕೇಳಲೆಂದೇ ಬಂದವರು ಆಟವನ್ನೂ ನೋಡುವ ಜಾಗಗಳಿವೆ. ಕಪ್ಪು ಜನಾಂಗದವರಿಗಾಗಿ ಹುಟ್ಟಿದ ಹಳೆಯ ವಿಶ್ವವಿದ್ಯಾಲಯಗಳು ಅವು. ಫ್ಲಾರಿಡಾ ಎ ಅಂಡ್ ಎಂನ ಮಾರ್ಚಿಂಗ್ 100, ಜಾಕ್ಸನ್ ಸ್ಟೇಟ್‌ನ ಸಾನಿಕ್ ಬೂಮ್, ಸದರ್ನ್ ಯೂನಿವರ್ಸಿಟಿಯ ಹ್ಯೂಮನ್ ಜ್ಯೂಕ್‌ಬಾಕ್ಸ್. ಮಾರ್ಚಿಂಗ್ 100 ಅನ್ನು 1946ರಿಂದ ಕಟ್ಟಿ ಬೆಳೆಸಿದವರು ವಿಲಿಯಂ ಫಾಸ್ಟರ್. 1989ರಲ್ಲಿ ಫ್ರೆಂಚ್ ಕ್ರಾಂತಿಯ ಇನ್ನೂರನೇ ವರ್ಷದ ಮೆರವಣಿಗೆಗೆ ಪ್ಯಾರಿಸ್‌ವರೆಗೂ ಹೋಗಿ ಬಂದ ಬ್ಯಾಂಡ್ ಅದು. ಟೆನೆಸಿ ಸ್ಟೇಟ್‌ನ ಬ್ಯಾಂಡ್‌ಗೆ 2023ರಲ್ಲಿ ಗ್ರ್ಯಾಮಿ ಪ್ರಶಸ್ತಿಯೇ ಬಂತು. ಇವರ ಆಟದಲ್ಲಿ ನಾಲ್ಕು ಕ್ವಾರ್ಟರ್, ಅಂದರೆ ಆಟದ ನಾಲ್ಕು ಭಾಗ, ಮುಗಿದ ಮೇಲೆ ಐದನೆಯದು ಅಂತ ಒಂದಿದೆ. ಆಟಗಾರರು ಸ್ನಾನಕ್ಕೆ ಹೋದ ಮೇಲೆ ಎರಡೂ ಬ್ಯಾಂಡ್‌ಗಳು ಸೀಟಿನಿಂದಲೇ ಒಬ್ಬರಾದ ಮೇಲೆ ಒಬ್ಬರು ಊದುತ್ತಾರೆ, ಸವಾಲಿಗೆ ಜವಾಬು. ಜನ ಮನೆಗೆ ಹೋಗುವುದಿಲ್ಲ, ಕೂತು ಕೇಳುತ್ತಾರೆ, ಯಾರು ಗೆದ್ದರು ಅಂತ ಜಗಳ ಆಡುತ್ತಾರೆ. ಅಲ್ಲಿ ಹೋಗಿ ದೊಡ್ಡಪ್ಪನ ಪ್ರಶ್ನೆ ಕೇಳಿದರೆ ನಕ್ಕುಬಿಡುತ್ತಾರೆ.

ಸರಿ, ನೀವೂ ಇಲ್ಲಿಗೆ ಬಂದಾಗ ಒಮ್ಮೆ ಹೋಗುವುದಾದರೆ ಎಲ್ಲಿ ಕೂರಬೇಕು? ದೊಡ್ಡ ಸ್ಟೇಡಿಯಂ ಆದರೆ ಪತ್ರಕರ್ತರು ಕೂರುವ ಪ್ರೆಸ್ ಬಾಕ್ಸ್ ಇರುವ ಕಡೆ, 50 ಗಜದ ಗೆರೆಯ ಹತ್ತಿರ, ಸ್ವಲ್ಪ ಮೇಲಿನ ಸಾಲು. ಬ್ಯಾಂಡ್ ಸಾಮಾನ್ಯವಾಗಿ ಊದುವುದು ಆ ಕಡೆಗೆ. ದುಬಾರಿ ಅನ್ನಿಸಿದರೆ ಆಟಕ್ಕೆ ಮುಂಚೆ ಬ್ಯಾಂಡ್ ಸ್ಟೇಡಿಯಂಗೆ ನಡೆದು ಬರುವ ರಸ್ತೆ ಬದಿಯಲ್ಲಿ ನಿಲ್ಲಿ, ದುಡ್ಡು ಬೇಡ, ಎರಡು ಮಾರು ದೂರದಲ್ಲಿ ಹೋಗುತ್ತಾರೆ. ನವೆಂಬರ್ ಕೊನೆಯಲ್ಲಿ ಥ್ಯಾಂಕ್ಸ್‌ಗಿವಿಂಗ್ ವಾರ ನ್ಯೂ ಆರ್ಲಿಯನ್ಸ್ ಕಡೆ ಇದ್ದರೆ ಸದರ್ನ್ ಮತ್ತು ಗ್ರ್ಯಾಂಬ್ಲಿಂಗ್ ವಿಶ್ವವಿದ್ಯಾಲಯಗಳ ನಡುವಿನ ಬಾಯೂ ಕ್ಲಾಸಿಕ್ ಆಟ ಬಿಡಬೇಡಿ. ಆಟಕ್ಕೆ ಮುನ್ನ, ಆಟ ನಡೆಯುವ ಸೂಪರ್‌ಡೋಮ್ ಸ್ಟೇಡಿಯಂನಲ್ಲೇ ಬ್ಯಾಂಡ್‌ಗಳ ಕಾಳಗ ಬೇರೆಯೇ ಇರುತ್ತದೆ. ಅದಕ್ಕೆ ಮೇಲೆ ಮುಚ್ಚಿದ ಛಾವಣಿ, ಸದ್ದು ಎಲ್ಲೂ ಹೋಗುವುದಿಲ್ಲ. 100 ಡೆಸಿಬೆಲ್ ಸದ್ದನ್ನು ಕಾಲು ಗಂಟೆಗಿಂತ ಜಾಸ್ತಿ ಕೇಳಬಾರದು ಅನ್ನುವುದು ಇಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆಯ ಸಲಹೆ, ಹಾಗಾಗಿ ಇಯರ್‌ಪ್ಲಗ್ ಜೇಬಿನಲ್ಲಿ ಇರಲಿ. ಡ್ರಮ್ ಬಾರಿಸುವ ಎಷ್ಟೋ ಹುಡುಗರೂ ಹಾಕಿಕೊಂಡೇ ಬಾರಿಸುತ್ತಾರೆ.