ಮಧ್ಯೆ 15 ದಿನ ಮನೆ ಯಾಕೆ ಖಾಲಿ ಬಿಡ್ತೀರಾ?

ಈ ಪ್ರಶ್ನೆ ಬ್ರೋಕರ್ ಕೇಳ್ತಾನೆ, ಎದುರು ಮನೆಯವರು ಕೇಳ್ತಾರೆ, ನಮ್ಮತ್ತೆಯಂತೂ ಪ್ರತಿ ಸಲ ಕೇಳ್ತಾರೆ. ನಮ್ಮದು ಬೆಂಗಳೂರಿನ ನಾಗರಬಾವಿ ಕಡೆ 30-40 ಸೈಟಲ್ಲಿ ಕಟ್ಟಿರೋ ಬಿಲ್ಡಿಂಗು, ಕೆಳಗಡೆ ನಾವಿರ್ತೀವಿ, ಮೇಲೆ ಎರಡು ಫ್ಲೋರು ಬಾಡಿಗೆಗೆ ಕೊಟ್ಟಿದೀವಿ. ಒಬ್ಬರು ಖಾಲಿ ಮಾಡಿದ್ರೆ ಮುಂದಿನವರಿಗೆ ಕೀ ಕೊಡೋಕೆ ನಾನು ಸುಮಾರು 15 ದಿನ ತಗೋತೀನಿ. "ಮೇಡಂ, 30ನೇ ತಾರೀಖು ಇವರು ಹೋಗ್ಲಿ, 1ನೇ ತಾರೀಖು ಅವರು ಬಂದು ಹಾಲು ಉಕ್ಕಿಸ್ಲಿ, ಮಧ್ಯೆ ರಾತ್ರೋರಾತ್ರಿ ಒಂದು ಕೋಟ್ ಹೊಡಿಸಿಬಿಡೋಣ, ಅರ್ಧ ತಿಂಗಳ ಬಾಡಿಗೆ ಸುಮ್ನೆ ಯಾಕೆ ಬಿಡ್ತೀರಾ" ಅನ್ನೋದು ಬ್ರೋಕರ್ ವಾದ.

ನನ್ನ ಉತ್ತರ ಇಷ್ಟೇ. ಕ್ಲೀನಿಂಗು, ಪೇಂಟಿಂಗು ಎರಡೂ ಸೇರಿ ನಾಲ್ಕೈದು ದಿನದ ಕೆಲಸ, ಇನ್ನೂ ನಾಲ್ಕು ಜನ ಹಾಕಿದ್ರೆ ಎರಡೇ ದಿನಕ್ಕೆ ಮುಗಿಯುತ್ತೆ. ಆದ್ರೆ ಒದ್ದೆ ಗೋಡೆ ಒಣಗೋದು, ತಿಗಣೆ ಮೊಟ್ಟೆ ಒಡೆಯೋದು, ಎಲ್ಲಿ ನೀರು ಸೋರ್ತಿದೆ ಅಂತ ಗೊತ್ತಾಗೋದು, ಈ ಮೂರೂ ಎಷ್ಟು ದುಡ್ಡು ಕೊಟ್ರೂ ಅವುಗಳ ಟೈಮಿಗೇ ಆಗೋದು.

ಮೊದಲು ನೀರಿನ ವಿಷ್ಯ ಹೇಳ್ತೀನಿ ಯಾಕಂದ್ರೆ ಬಾಡಿಗೆ ಮನೆ ಹಾಳಾಗೋದೇ ನೀರಿಂದ. ಮನೇಲಿ ಜನ ಇದ್ದಾಗ ಟ್ಯಾಂಕ್ ನೀರು ದಿನಾ ಕಡಿಮೆ ಆಗ್ತಾನೇ ಇರುತ್ತೆ, ಅದ್ರಲ್ಲಿ ಬಳಸಿದ್ದೆಷ್ಟು ಸೋರಿದ್ದೆಷ್ಟು ಅಂತ ಯಾರಿಗೂ ಗೊತ್ತಾಗಲ್ಲ. ಖಾಲಿ ಆದ ದಿನಾನೇ ಆ ಫ್ಲೋರಿನ ಟ್ಯಾಂಕ್ ತುಂಬಿಸಿ, ಎಲ್ಲಾ ನಲ್ಲಿ ಬಿಗಿ ಮಾಡಿ, ಟ್ಯಾಂಕ್ ಒಳಗೆ ನೀರಿನ ಮಟ್ಟಕ್ಕೆ ಒಂದು ಗುರುತು ಹಾಕಿ ರಾತ್ರಿಯೆಲ್ಲಾ ಬಿಡ್ತೀನಿ. ಬೆಳಗ್ಗೆ ನೀರು ಗುರುತಿಂದ ಕೆಳಗೆ ಇಳಿದಿದ್ರೆ ಎಲ್ಲೋ ಲೀಕ್ ಇದೆ ಅಂತಲೇ ಅರ್ಥ. ಫ್ಲಷ್ ಟ್ಯಾಂಕಿಗೆ ಬಟ್ಟೆಗೆ ಹಾಕೋ ನೀಲಿ ನಾಲ್ಕು ಹನಿ ಹಾಕಿ ಅರ್ಧ ಗಂಟೆ ಮುಟ್ಟದೆ ಬಿಡಿ, ಫ್ಲಷ್ ಮಾಡ್ದೇನೇ ಕಮೋಡಲ್ಲಿ ನೀಲಿ ಕಂಡ್ರೆ ಒಳಗಿನ ವಾಷರ್ ಹೋಗಿದೆ. ಇದು ಸಣ್ಣ ರಿಪೇರಿ, ಆದ್ರೆ ಬೇಸಿಗೇಲಿ ಟ್ಯಾಂಕರ್ ನೀರು ಹಾಕಿಸ್ಕೊಳ್ಳೋ ನಮ್ಮಂಥ ಏರಿಯಾದವರಿಗೆ ಅದು ಸಣ್ಣದಲ್ಲ.

ಸೋರಿಕೆ ಸಿಕ್ಕಿ ರಿಪೇರಿ ಆದ್ಮೇಲೂ ಗೋಡೆ ಒದ್ದೆಯಾಗೇ ಇರುತ್ತೆ, ಇಲ್ಲೇ ಎಲ್ಲರೂ ಆತುರ ಪಡೋದು. ಬಾತ್‌ರೂಮ್ ಹಿಂದಿನ ಬೆಡ್‌ರೂಮ್ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಪೇಂಟ್ ಉಬ್ಬಿ, ಬಿಳಿ ಬಿಳಿ ಹಿಟ್ಟಿನ ಥರ ಉದುರುತ್ತಲ್ಲ, ಅದು ಇಟ್ಟಿಗೆ ಸಿಮೆಂಟಿನ ಒಳಗಿನ ಉಪ್ಪು, ನೀರಿನ ಜೊತೆ ಹೊರಗೆ ಬಂದು ನೀರು ಆರಿದ ಮೇಲೆ ಅಲ್ಲೇ ಉಳಿಯೋದು. ಅದ್ರ ಮೇಲೆ ಪುಟ್ಟಿ ಬಳಿದು ಎಮಲ್ಷನ್ ಹೊಡೆದ್ರೆ ಫೋಟೋಗೆ ಚೆನ್ನಾಗಿರುತ್ತೆ, ಒಂದು ಮಳೆಗಾಲ ಕಳೆಯೋದ್ರೊಳಗೆ ಹಪ್ಪಳದ ಥರ ಎದ್ದು ಬರುತ್ತೆ. ಹಾಗಾಗಿ ಉಬ್ಬಿದ್ದನ್ನೆಲ್ಲಾ ಪ್ಲಾಸ್ಟರ್ ಕಾಣೋವರೆಗೂ ಕೆರೆಸಿ, ಉಪ್ಪನ್ನ ಒಣ ಬ್ರಷ್ಷಲ್ಲಿ ತೆಗೆಸಿ (ನೀರು ಹಾಕಿ ತೊಳೆದ್ರೆ ಕರಗಿ ವಾಪಸ್ ಒಳಗೇ ಹೋಗುತ್ತೆ), ಕಿಟಕಿ ಬಾಗ್ಲು ತೆಗೆದಿಟ್ಟು ಫ್ಯಾನ್ ಹಾಕಿ ಬಿಡ್ತೀನಿ. ಒಣಗಿದ್ಯಾ ಅಂತ ನೋಡೋಕೆ ಒಂದು ಪ್ಲಾಸ್ಟಿಕ್ ಹಾಳೆಯನ್ನ ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಟ್ಟು ನೋಡಿ, ಹಾಳೆಯ ಗೋಡೆ ಕಡೆಗೆ ಬೆವರಿದ್ರೆ ಇನ್ನೂ ಒಣಗಿಲ್ಲ. ನಮ್ಮ ಪೇಂಟಿಂಗ್ ಮೇಸ್ತ್ರಿ "ಅಕ್ಕಾ, ಡ್ಯಾಂಪ್ ಪ್ರೂಫ್ ಹೊಡೆದ್ರೆ ಆಯ್ತು ಬಿಡಿ" ಅಂತಾನೆ, ಅವನಿಗೆ ಮುಂದಿನ ಸೈಟಿಗೆ ಹೋಗೋ ಅರ್ಜೆಂಟು.

ಎರಡನೇದು ಹುಳ. ಹೋಗೋರು ಎಷ್ಟೇ ನೀಟಾಗಿದ್ರೂ ಇದನ್ನ ಬಿಡಲ್ಲ ನಾನು. ಜಿರಳೆ ಸುಲಭ, ಅಡುಗೆ ಮನೆ ಕಬೋರ್ಡ್ ಹಿಂಜು, ಸಿಂಕ್ ಕೆಳಗೆ, ಸ್ವಿಚ್ ಬೋರ್ಡ್ ಅಂಚಿಗೆ ಜೆಲ್ ಚುಕ್ಕಿ ಇಟ್ರೆ ತಿಂದು ಸಾಯ್ತವೆ. ಆದ್ರೆ ಜೆಲ್ ಇಟ್ಟ ಕಡೆ ಸ್ಪ್ರೇ ಹೊಡೀಬಾರ್ದು, ಸ್ಪ್ರೇ ವಾಸನೆಗೆ ಅವು ಹತ್ರಾನೇ ಬರಲ್ಲ, ಎರಡೂ ವೇಸ್ಟ್ ಆಗುತ್ತೆ. ಅಡುಗೆ ಮನೇಲಿ ಕಾಣೋ ಸಣ್ಣ ಕಂದು ಜಿರಳೆ ಒಂದು ಮೊಟ್ಟೆ ಚೀಲದಲ್ಲಿ 30-40 ಮರಿ ಇಟ್ಕೊಂಡು ಓಡಾಡುತ್ತೆ, ಔಷಧಿ ಆ ಚೀಲದ ಒಳಗೆ ಇಳಿಯಲ್ಲ. ತಿಗಣೆ ಇದ್ರೆ ಇನ್ನೂ ಕಷ್ಟ. ಮನೆ ಖಾಲಿ ಇದ್ರೆ ಹಸಿವಿಂದ ಸಾಯುತ್ತೆ ಅಂದ್ಕೊಂಡಿರ್ತಾರೆ, ಇಲ್ಲ, ರಕ್ತ ಸಿಗದೇ ಇದ್ರೂ ತಿಂಗಳುಗಟ್ಟಲೆ ಬದುಕುತ್ತೆ. ಮೊಟ್ಟೆ ಒಡೆಯೋಕೆ ವಾರ ಹತ್ತು ದಿನ ಬೇಕು, ಮೊದಲ ಸಲದ ಔಷಧಿಗೆ ದೊಡ್ಡವು ಸತ್ರೂ ಮೊಟ್ಟೆ ಉಳಿದಿರುತ್ತೆ, ಅದಕ್ಕೇ ಎರಡು ವಾರದ ಹೊತ್ತಿಗೆ ಇನ್ನೊಂದು ರೌಂಡ್ ಹೊಡೀಲೇಬೇಕು. ಆ ಎರಡನೇ ರೌಂಡಿನ ಹೊತ್ತಿಗೆ ಹೊಸಬರು ಮಂಚ ಹಾಸಿಗೆ ಎಲ್ಲಾ ತಂದು ಜೋಡಿಸಿಬಿಟ್ಟಿದ್ರೆ ಎಲ್ಲಿ ಅಂತ ಹೊಡೀತೀರಾ? ಆಮೇಲೆ ತಿಗಣೆ ನಿಮ್ಮದೋ ನಮ್ಮದೋ ಅನ್ನೋ ಪಂಚಾಯ್ತಿ ಬೇರೆ.

ಇನ್ನು ಕ್ಲೀನಿಂಗು. ಕ್ಲೀನಿಂಗ್ ಮುಗಿಸಿ ಪೇಂಟ್ ಅಂತ ಎಷ್ಟೋ ಜನ ಮಾಡಿಸ್ತಾರೆ, ಆಮೇಲೆ ಪೇಂಟ್ ಹನಿ ಕೆರೆಯೋಕೆ ಮತ್ತೆ ಆಳು ಕರೀತಾರೆ. ನಮ್ಮಲ್ಲಿ ಪ್ಲಂಬರು, ಎಲೆಕ್ಟ್ರಿಷಿಯನ್ನು ಮೊದಲು, ಯಾಕಂದ್ರೆ ಅವರು ಗೋಡೆ ಒಡೀತಾರೆ. ಆಮೇಲೆ ಪೇಂಟು, ಎಲ್ಲಕ್ಕಿಂತ ಕೊನೇಲಿ ನೆಲ. ಅಡುಗೆ ಮನೆ ಗೋಡೆ ಮಾತ್ರ ಇದಕ್ಕೆ ಹೊರತು, ಅದನ್ನ ಪೇಂಟಿಗೆ ಮುಂಚೇನೇ ತೊಳೆಸಬೇಕು. ಒಗ್ಗರಣೆ ಹೊಗೆಯ ಜಿಡ್ಡು ಸ್ಟವ್ ಮೇಲಿನ ಗೋಡೆಗೂ ಸೀಲಿಂಗಿಗೂ ಹತ್ತಿರುತ್ತೆ, ಅದ್ರ ಮೇಲೆ ಯಾವ ಪೇಂಟೂ ಕೂರಲ್ಲ, ಹಳದಿ ಕಲೆ ಮತ್ತೆ ಮೇಲೆ ಬರುತ್ತೆ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ, ಕೈಗೆ ಗ್ಲೌಸ್ ಹಾಕ್ಕೊಂಡು ಉಜ್ಜಿದ್ರೆ ಜಿಡ್ಡು ಬಿಡುತ್ತೆ, ಎಕ್ಸಾಸ್ಟ್ ಫ್ಯಾನ್ ರೆಕ್ಕೆಗೂ ಅದೇ, ಆದ್ರೆ ರೆಕ್ಕೆ ಅಲ್ಯೂಮಿನಿಯಂ ಆಗಿದ್ರೆ ಸೋಡಾ ಬೇಡ, ಕಪ್ಪಾಗುತ್ತೆ, ಪಾತ್ರೆ ಸೋಪೇ ಸಾಕು.

ಬಾತ್‌ರೂಮಿಗೆ ಎಲ್ಲರೂ ಆಸಿಡ್ ಅಂತಾರೆ. ನನಗೆ ಆಗಲ್ಲ ಅದು. ಬೋರ್‌ವೆಲ್ ನೀರಿನ ಬಿಳಿ ಕಲೆ ಆಸಿಡ್‌ಗೆ ಬೇಗ ಹೋಗುತ್ತೆ ನಿಜ, ಜೊತೆಗೆ ಟೈಲ್ಸ್ ಸಂದಿಯ ಸಿಮೆಂಟೂ ಕರಗಿ ಹೋಗುತ್ತೆ, ಸಂದಿ ಬಿಟ್ರೆ ಅದೇ ನೀರು ಪಕ್ಕದ ಗೋಡೆಗೆ, ಅಂದ್ರೆ ನಾವು ಮೊದಲು ಹೇಳಿದ ಒದ್ದೆ ಗೋಡೆಯನ್ನ ನಾವೇ ದುಡ್ಡು ಕೊಟ್ಟು ಮಾಡಿಸ್ಕೊಂಡ ಹಾಗೆ. ನಲ್ಲಿಯ ಹೊಳಪೂ ಹೋಗುತ್ತೆ. ನಾನು ನಿಂಬೆ ಉಪ್ಪನ್ನ ಬಿಸಿನೀರಲ್ಲಿ ಕರಗಿಸಿ ಬಟ್ಟೆ ಅದ್ದಿ ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಡ್ತೀನಿ. ಮಾರ್ಬಲ್ ಮೇಲೆ, ಮೊಸಾಯಿಕ್ ಮೇಲೆ ಅದೂ ಬೇಡ, ಹುಳಿ ಬಿದ್ದ ಕಡೆ ಮಂಕಾಗುತ್ತೆ. ಇನ್ನೊಂದು ವಿಷ್ಯ ಕ್ಲೀನಿಂಗಿಗೆ ಬರೋರಿಗೆ ನಾನು ಬಾಗಿಲಲ್ಲೇ ಹೇಳ್ತೀನಿ, ಟಾಯ್ಲೆಟ್ ಕ್ಲೀನರ್ ಹಾಕಿದ ಕಡೆ ಬ್ಲೀಚಿಂಗ್ ಪೌಡರ್ ಹಾಕಬೇಡಿ ಅಂತ. ಎರಡೂ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ, ಕಿಟಕಿ ಇಲ್ಲದ ಸಣ್ಣ ಬಾತ್‌ರೂಮಲ್ಲಿ ಉಸಿರು ಕಟ್ಟೋಕೆ ಅಷ್ಟು ಸಾಕು.

ಮನೆ ಖಾಲಿ ಇದ್ದಾಗ ಬರೋ ಕೆಟ್ಟ ವಾಸನೆ ಬಗ್ಗೆನೂ ಕೇಳ್ತಾರೆ. ನೆಲದ ಜಾಲರಿ ಕೆಳಗಿನ ನಹನಿ ಟ್ರ್ಯಾಪಲ್ಲಿ ಸ್ವಲ್ಪ ನೀರು ಯಾವಾಗ್ಲೂ ನಿಂತಿರಬೇಕು, ಡ್ರೈನೇಜ್ ಗಾಳಿಯನ್ನ ತಡೆಯೋದು ಆ ನೀರೇ. ಯಾರೂ ಬಳಸದೇ ಇದ್ರೆ ಅದು ಆರಿಹೋಗುತ್ತೆ, ವಾಸನೆನೂ ಜಿರಳೆನೂ ಅಲ್ಲಿಂದಾನೇ ಹತ್ತಿ ಬರೋದು. ಎರಡು ಮೂರು ದಿನಕ್ಕೊಂದ್ಸಲ ಪ್ರತಿ ಜಾಲರಿಗೂ ಒಂದು ಮಗ್ ನೀರು ಹಾಕಿ, ರೂಮ್ ಫ್ರೆಶ್ನರ್ ಎಲ್ಲಾ ಏನೂ ಬೇಡ.

ಕರೆಂಟಿಂದು ಬೇಗ ಹೇಳಿ ಮುಗಿಸ್ತೀನಿ. ಮೇನ್ ಬೋರ್ಡಲ್ಲಿ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಲೀಕ್ ಆದ್ರೆ ತಾನಾಗೇ ಆಫ್ ಆಗೋ ಸ್ವಿಚ್ಚು, ಅದ್ರ ಮೇಲೆ ಟೆಸ್ಟ್ ಬಟನ್ ಇರುತ್ತೆ, ಒತ್ತಿದ್ರೆ ಟ್ರಿಪ್ ಆಗ್ಬೇಕು, ಆಗದಿದ್ರೆ ಬದಲಾಯಿಸಿ, ಗೀಸರ್ ಇರೋ ಮನೇಲಿ ಇದ್ರಲ್ಲಿ ಚೌಕಾಸಿ ಬೇಡ. ಬೆಸ್ಕಾಂ ಬಾಕಿ ಆರ್‌ಆರ್ ನಂಬರ್ (ಕರೆಂಟ್ ಕನೆಕ್ಷನ್ ನಂಬರ್) ಮೇಲೇ ಕೂರುತ್ತೆ, ಹೋದವರು ಕಟ್ಟದಿದ್ರೆ ಬಂದವರ ಫ್ಯೂಸ್ ಕೀಳ್ತಾರೆ, ಅದಕ್ಕೆ ಕೊನೇ ದಿನದ ಮೀಟರ್ ರೀಡಿಂಗ್ ಫೋಟೋ ತೆಗೆದು ಲೆಕ್ಕ ಮುಗಿಸಿ. 2023ರಲ್ಲಿ ಫ್ರೀ ಕರೆಂಟಿನ ಗೃಹಜ್ಯೋತಿ ಶುರುವಾದ್ಮೇಲೆ ಇನ್ನೊಂದು ಕೆಲಸ ಸೇರ್ಕೊಂಡಿದೆ, ಹೋಗೋರು ತಮ್ಮ ಆಧಾರ್‌ನ ಆ ಆರ್‌ಆರ್ ನಂಬರ್‌ನಿಂದ ಡಿಲಿಂಕ್ ಮಾಡಬೇಕು. ಸಾಮಾನು ಲಾರಿಗೆ ಏರೋ ಮುಂಚೆ ಮಾಡಿಸಿ, ಆಮೇಲೆ ಫೋನ್ ಎತ್ತಲ್ಲ ಯಾರೂ.

ಸರಿ, ಇಷ್ಟೆಲ್ಲಾ ಮಾಡೋ ದುಡ್ಡು ಯಾರದು? ಇದು ಬಾಡಿಗೆಯವರು ಕೇಳೋ ಪ್ರಶ್ನೆ, ನ್ಯಾಯವಾದ ಪ್ರಶ್ನೆನೂ ಹೌದು. ಬೆಂಗಳೂರಲ್ಲಿ ಖಾಲಿ ಮಾಡುವಾಗ ಪೇಂಟಿಂಗಿಗೆ ಅಂತ ಅಡ್ವಾನ್ಸಿಂದ ಒಂದು ತಿಂಗಳ ಬಾಡಿಗೆ ಹಿಡಿಯೋದು ರೂಢಿ, ಒಂದು ವರ್ಷ ಇದ್ರೂ ಅಷ್ಟೇ, ಆರು ವರ್ಷ ಇದ್ರೂ ಅಷ್ಟೇ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿ ನೋಡಿದ್ರೆ ಗೋಡೆಗೆ ಸುಣ್ಣ ಬಣ್ಣ, ಪೈಪು, ವೈರಿಂಗು ಎಲ್ಲಾ ಓನರ್ ಪಾಲಿಗೆ, ನಲ್ಲಿ ವಾಷರು, ಸ್ವಿಚ್ಚು ಸಾಕೆಟ್ಟು, ಡ್ರೈನ್ ಕ್ಲೀನಿಂಗು ಬಾಡಿಗೆಯವರ ಪಾಲಿಗೆ, ಅದೂ ಇಬ್ಬರೂ ಸೇರಿ ಬೇರೆ ಥರ ಬರ್ಕೊಂಡಿಲ್ಲ ಅಂದ್ರೆ. ಅದು ಮಾದರಿ ಅಷ್ಟೇ, ರಾಜ್ಯ ತನ್ನ ಕಾನೂನಾಗಿ ಮಾಡ್ಕೊಂಡ್ರೆ ಮಾತ್ರ ಲೆಕ್ಕಕ್ಕೆ, ಆದ್ರೂ ಯಾವುದು ಯಾರದ್ದು ಅನ್ನೋಕೆ ನನಗೆ ಆ ಪಟ್ಟಿ ಸರಿ ಅನ್ಸುತ್ತೆ. ಹಾಗಾಗಿ ಮೂರು ವರ್ಷಕ್ಕಿಂತ ಜಾಸ್ತಿ ಇದ್ದವರ ಹತ್ರ ನಾನು ಪೇಂಟಿಂಗ್ ದುಡ್ಡು ಹಿಡಿಯಲ್ಲ, ಅಷ್ಟು ವರ್ಷಕ್ಕೆ ನಾವೇ ಇದ್ದಿದ್ರೂ ಬಣ್ಣ ಹೊಡಿಸ್ಬೇಕಿತ್ತು ತಾನೇ. ಮೊಳೆ ತೂತು, ಮಕ್ಕಳ ಕ್ರೇಯಾನ್, ದೇವರ ಮೂಲೆಯ ಅರಿಶಿನ ಕುಂಕುಮದ ಕಲೆ, ಇದಕ್ಕೂ ಹಿಡಿಯಲ್ಲ. ಡ್ರಿಲ್ ಹಾಕಿ ಟೈಲ್ಸ್ ಒಡೆದ್ರೆ, ಮುರಿದ ಬಾಗ್ಲು ಬಿಟ್ಟು ಹೋದ್ರೆ ಹಿಡಿತೀನಿ, ಬಿಲ್ ತೋರ್ಸಿ ಹಿಡಿತೀನಿ. "ಎಲ್ಲರೂ ಹಿಡಿತಾರೆ ನೀನೊಬ್ಬಳೇ ಧರ್ಮಛತ್ರ ನಡೆಸ್ತೀಯಾ" ಅಂತಾರೆ ಅತ್ತೆ, ಅನ್ಲಿ.

ಅರ್ಧ ತಿಂಗಳ ಬಾಡಿಗೆ ಹೋಗೋದು ಸುಳ್ಳಲ್ಲ, ಲೋನ್ ಕಂತು ಕಟ್ಟೋರಿಗೆ ಅದು ಕಷ್ಟಾನೇ. ಅಂಥವರು ಆಷಾಢ ನೋಡ್ಕೊಂಡು ನೋಟಿಸ್ ತಗೊಳ್ಳಿ, ಆ ತಿಂಗಳು ಹೇಗೂ ಮನೆ ಬದಲಾಯಿಸೋರು ಕಡಿಮೆ, ಟು-ಲೆಟ್ ಬೋರ್ಡ್ ಸುಮ್ನೆ ನೇತಾಡ್ತಿರುತ್ತೆ, ಆಗ್ಲೇ ಇದನ್ನೆಲ್ಲಾ ಮುಗಿಸಿದ್ರೆ ಶ್ರಾವಣಕ್ಕೆ ಮನೆ ರೆಡಿ. ಮಳೆಗಾಲ, ಗೋಡೆ ಒಣಗೋದು ನಿಧಾನ ಅನ್ನೋದೊಂದೇ ತಕರಾರು.

ಮನೆ ಹುಡುಕ್ತಿರೋರು ಯಾರಾದ್ರೂ ಇದನ್ನ ಓದ್ತಿದ್ರೆ, ಪೇಂಟ್ ವಾಸನೆ ಇನ್ನೂ ಹೋಗಿರದ ಮನೇಲಿ ಬಾತ್‌ರೂಮ್ ಹಿಂದಿನ ಗೋಡೆಯನ್ನ ಮೊಣಕಾಲೆತ್ತರಕ್ಕೆ ಕೈಯಿಂದ ಮುಟ್ಟಿ ನೋಡಿ, ತಣ್ಣಗಿದ್ರೆ, ಬೆರಳಲ್ಲಿ ತಟ್ಟಿದಾಗ ಟೊಳ್ಳು ಸದ್ದು ಬಂದ್ರೆ ಓನರ್‌ನ ಕೇಳಿ. ಸಾಮಾನು ಇಳಿಸೋ ಮುಂಚೆ ಪ್ರತಿ ರೂಮೂ ವಿಡಿಯೋ ಮಾಡಿ, ಅವತ್ತೇ ಓನರ್‌ಗೆ ವಾಟ್ಸಾಪ್ ಕಳಿಸಿಟ್ಕೊಳ್ಳಿ.