ಪಾರ್ಟಿಯ ಮೊಬೈಲಿನ ಕೀಬೋರ್ಡು, ನಮ್ಮ ಪ್ರೆಸ್ಸಿನ ಪ್ಲೇಟು

ಲಗ್ನಪತ್ರಿಕೆಯ ಮ್ಯಾಟರ್, ಅಂದರೆ ಅಚ್ಚಾಗಬೇಕಾದ ಬರಹ, ಈಗ ಕಾಗದದ ಮೇಲೆ ಬರುವುದು ಅಪರೂಪ. ಮೊದಲೆಲ್ಲ ವಹಿಯ ಹಾಳೆ ಹರಿದು, ಮೇಲೆ 'ಶ್ರೀ' ಬರೆದು, ಹಿರಿಯರ ಹೆಸರುಗಳನ್ನು ಒಂದರ ಕೆಳಗೊಂದು ಬರೆದುಕೊಂಡು ಬರುತ್ತಿದ್ದರು. ನಾನು ನೋಡಿಕೊಂಡು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದೆ. ಈಗ ಮದುಮಗನ ತಮ್ಮನೋ ಸೋದರಮಾವನೋ ಮೊಬೈಲಿನಲ್ಲೇ ಟೈಪ್ ಮಾಡಿ ವಾಟ್ಸಾಪ್‌ಗೆ ಹಾಕುತ್ತಾರೆ. ಗದಗ-ಬೆಟಗೇರಿಯನ್ನು ಮುದ್ರಣ ಕಾಶಿ ಅಂತ ಕರೆಯುತ್ತಾರಲ್ಲ, ಅಲ್ಲಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವುದು, ನನ್ನ ಕೆಲಸ. ಟೈಪಿಂಗ್ ಉಳಿಯಿತು ಅಂತ ಮಾಲಕರು ಕಂಪೋಸಿಂಗ್ ರೇಟ್ ಇಳಿಸಿದರು. ಉಳಿದ ಹೊತ್ತೆಲ್ಲ ಮೊಬೈಲಿನಿಂದ ಬಂದ ಮ್ಯಾಟರ್ ರಿಪೇರಿ ಮಾಡುವುದಕ್ಕೇ ಹೋಗುತ್ತಿದೆ ಅಂತ ಹೇಳಿದರೆ ಅವರಿಗೆ ನಂಬಿಕೆ ಇರಲಿಲ್ಲ. ಈ ಲಗ್ನದ ಸೀಜನ್ನಿನ ಒಂದು ಸಂಜೆ ಅದನ್ನು ನಂಬುವ ಹಾಗೆ ಮಾಡಿತು.

ಮೊಬೈಲಿನಿಂದ ಬರುವುದು ಯೂನಿಕೋಡ್, ಅಂದರೆ ಪ್ರತಿ ಅಕ್ಷರಕ್ಕೂ ಎಲ್ಲ ಕಡೆ ಒಂದೇ ಸಂಖ್ಯೆ ಇರುವ ಪದ್ಧತಿ. ನಾವು ಪೇಜ್ ಕಟ್ಟುವ ಕೋರೆಲ್ ತಂತ್ರಾಂಶ ಹಳೆಯದು, ಯೂನಿಕೋಡ್ ಕನ್ನಡ ಪೇಸ್ಟ್ ಮಾಡಿದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. ಪತ್ರಿಕೆಗೆ ನಾವು ಬಳಸುವ ಫಾಂಟುಗಳೆಲ್ಲ ಆಸ್ಕಿ ಕಾಲದವು, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡ ಕೂರಿಸಿದವು. ಹಾಗಾಗಿ ಮ್ಯಾಟರನ್ನು ಕನ್ವರ್ಟರಿನಲ್ಲಿ ನುಡಿಗೆ ತಿರುಗಿಸಿ, ಪೇಜ್ ಕಟ್ಟಿ, ಜೆಪೆಗ್ ಚಿತ್ರ ಮಾಡಿ ಪಾರ್ಟಿಗೆ, ಅಂದರೆ ಗಿರಾಕಿಗೆ, ಪ್ರೂಫ್ ಕಳಿಸುತ್ತೇವೆ. ಅವರು 'ಓಕೆ' ಅಂದರೆ ಸಿಟಿಪಿ ಸೆಂಟರಿನಲ್ಲಿ (ಕಂಪ್ಯೂಟರಿನಿಂದ ನೇರ ಪ್ಲೇಟ್ ಮಾಡುವ ಕಡೆ) ಅಚ್ಚಿನ ಪ್ಲೇಟ್.

ಅವತ್ತು ರೋಣ ಕಡೆಯ ಪಾರ್ಟಿ. ಸಾವಿರ ಪತ್ರಿಕೆ, ಬೆಳಗಿನ ಮೊದಲ ಬಸ್ಸಿಗೆ ಬೇಕು. ಮ್ಯಾಟರ್ ಎರಡು ಮೊಬೈಲಿನಿಂದ ಬಂದಿತ್ತು. ಮುಹೂರ್ತ, ಸ್ಥಳ, ವಧೂವರರ ಒಕ್ಕಣೆ ಮದುಮಗನ ತಂಗಿಯದು. 'ಸುಖಾಗಮನ ಬಯಸುವವರು' ಅಂತ ಕೆಳಗೆ ಬರುವ ಉದ್ದನೆಯ ಹೆಸರಿನ ಪಟ್ಟಿ ಅವರ ದೊಡ್ಡಪ್ಪನದು. ಎಲ್ಲವನ್ನೂ ನುಡಿ 01 ಕೆ ಫಾಂಟಿನಲ್ಲಿ ಕಟ್ಟಿ ಪ್ರೂಫ್ ಕಳಿಸಿದೆ. ಮನೆಮಂದಿಯೆಲ್ಲ ನೋಡಿ ಒಪ್ಪಿದರು. ಆಮೇಲೆ ಒಂದು ಫೋನು: "ಅಕ್ಕಾರ, ಎಲ್ಲಾ ಚಲೋ ಐತ್ರಿ, ಆದ್ರ ತಾರೀಖು, ಟೈಮು ಇಂಗ್ಲಿಷ್ ಅಂಕಿಯೊಳಗ ಮಾಡ್ರಿ, ಹುಡುಗರಿಗೆ ಕನ್ನಡ ಅಂಕಿ ತಿಳಿಯಂಗಿಲ್ಲ."

ನುಡಿ ಬಳಸಿದವರಿಗೆ ಇದು ಎಷ್ಟು ಸಣ್ಣ ಕೆಲಸ ಅಂತ ಗೊತ್ತು. ಕೆ ಫಾಂಟಿನಲ್ಲಿ ಅಂಕಿ ಕನ್ನಡದವು, ಇ ಫಾಂಟಿನಲ್ಲಿ ಇಂಗ್ಲಿಷಿನವು. ಪೂರ್ತಿ ಸೆಲೆಕ್ಟ್ ಮಾಡಿ ಫಾಂಟ್ ಬದಲಿಸಿದರೆ ಮುಗಿಯಿತು. "ಇನ್ನೊಂದು ಪ್ರೂಫ್ ಕಳಸ್ಲಿ?" ಅಂತ ಮಾಲಕರನ್ನು ಕೇಳಿದೆ. "ಬರೇ ಅಂಕಿ ಬದಲಿ ಮಾಡಾಕ ಪ್ರೂಫ್ ಯಾಕ? ಸಿಟಿಪಿ ಬಂದ್ ಆಗೂದ್ರೊಳಗ ಪ್ಲೇಟ್ ಹೊಡಸು" ಅಂದು, ಕಾಗದದ ವ್ಯವಹಾರಕ್ಕೆ ಹುಬ್ಬಳ್ಳಿಗೆ ಹೋದರು.

ಪ್ಲೇಟ್ ಬಂತು, ಮಶಿನ್ ಶುರುವಾಯಿತು. ನಾನು ಬೇರೆ ಬಿಲ್‌ಬುಕ್ಕಿನ ಕೆಲಸ ಹಿಡಿದಿದ್ದೆ. ಮಶಿನ್ ನೋಡಿಕೊಳ್ಳುವ ಕಾಕಾ ಒಂದು ಹಸಿ ಹಾಳೆ ಹಿಡಿದುಕೊಂಡು ಬಂದರು. "ತಂಗಿ, ಈ ಸೊನ್ನಿ ಯಾಕ ಇಷ್ಟ್ ಉದ್ದ ಐತಿ, ನೋಡು."

ದೊಡ್ಡಪ್ಪನ ಪಟ್ಟಿಯಲ್ಲಿ 'ನಿಂಗಪ್ಪ' ಇರಬೇಕಾದ ಕಡೆ 'ನಿ0ಗಪ್ಪ' ಇತ್ತು. ಅದರ ಕೆಳಗೆ 'ಸ0ಗಮ್ಮ'. ಅದರ ಕೆಳಗೆ 'ಬ0ಧುಗಳು'. ಮೇಲಿನ ಒಕ್ಕಣೆಯಲ್ಲಿ ಮಾತ್ರ ಎಲ್ಲ ಸರಿ: 'ಚಿ.ಕುಂ.ಸೌ.' ನೆಟ್ಟಗಿದೆ, 'ಮಂಗಲ' ನೆಟ್ಟಗಿದೆ. ಒಂದೇ ಪತ್ರಿಕೆ, ಒಂದೇ ಫಾಂಟು, ಒಂದೇ ಕನ್ವರ್ಟರು. ಮೇಲರ್ಧ ಸರಿ, ಕೆಳಗರ್ಧ ತಪ್ಪು.

ಮಶಿನ್ ನಿಲ್ಲಿಸಿದೆವು. ಪಾರ್ಟಿಯ ಕಡೆಯ ಹುಡುಗ ಹೊರಗೆ ಬೆಂಚಿನ ಮೇಲೆ ಚಹಾ ಕುಡಿಯುತ್ತ ಕೂತಿದ್ದ. ಮಶಿನ್ ಸದ್ದು ನಿಂತದ್ದಕ್ಕೆ ಒಳಗೆ ಇಣುಕಿದ. ಕಾಕಾ ಅವನಿಗೆ "ಇಂಕ್ ನೋಡಾಕತ್ತೀವಿ" ಅಂದರು. ಗಡಿಯಾರದಲ್ಲಿ ಏಳು ದಾಟಿತ್ತು. ಎಂಟಕ್ಕೆ ಸಿಟಿಪಿ ಸೆಂಟರ್ ಬಾಗಿಲು ಹಾಕುತ್ತದೆ. ಮಾಲಕರ ಫೋನು ಹತ್ತುತ್ತಿಲ್ಲ. ಇನ್ನೊಂದು ಪ್ಲೇಟಿನ ಖರ್ಚಿಗೆ ಯಾರನ್ನು ಕೇಳುವುದು ಅನ್ನುವುದಕ್ಕಿಂತ, ಇದು ಯಾಕೆ ಹೀಗಾಯಿತು ಅನ್ನುವುದು ಸಿಗದಿದ್ದರೆ ಇನ್ನೊಂದು ಪ್ಲೇಟಿನಲ್ಲೂ ಇದೇ ಬರುತ್ತದಲ್ಲ ಅನ್ನುವ ಭಯ ದೊಡ್ಡದಾಗಿತ್ತು.

ಮೊದಲು ಅನುಮಾನ ಬಂದದ್ದು ಕನ್ವರ್ಟರಿನ ಮೇಲೆ. ಅದರ ಮೇಲೆ ಯಾವಾಗಲೂ ಒಂದಿಲ್ಲೊಂದು ದೂರು ಇದ್ದೇ ಇದೆ. ಮ್ಯಾಟರನ್ನು ಮತ್ತೆ ಹಾಕಿ ತಿರುಗಿಸಿದೆ, ಅದೇ ಬಂತು. ಕೋರೆಲ್ ಒಳಗೇ 0 ಹುಡುಕಿ ಬದಲಿಸೋಣ ಅಂದರೆ ತಾರೀಖಿನಲ್ಲಿ, ಗಂಟೆಯಲ್ಲಿ, ಫೋನ್ ನಂಬರಿನಲ್ಲಿ ನಿಜವಾದ 0 ಇವೆ, ಅವೂ ಹೋಗುತ್ತವೆ. ಕೊನೆಗೆ ವಾಟ್ಸಾಪ್‌ನಿಂದ ಬಂದ ಮೂಲ ಮ್ಯಾಟರನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ನಾನೇ 'ನಿಂಗಪ್ಪ' ಅಂತ ಟೈಪ್ ಮಾಡಿ ಫೈಂಡ್ ಕೊಟ್ಟೆ. ಸಿಗಲಿಲ್ಲ ಅಂತ ಬಂತು. ಪರದೆಯ ಮೇಲೆ ನಿಂಗಪ್ಪ ಕಣ್ಣೆದುರಿಗೇ ಇದೆ. ಬರೀ 'ಂ' ಹುಡುಕಿದೆ. ತಂಗಿಯ ಮ್ಯಾಟರಿನಲ್ಲಿ ಸಾಲು ಸಾಲು ಸಿಕ್ಕವು, ದೊಡ್ಡಪ್ಪನ ಪಟ್ಟಿಯಲ್ಲಿ ಒಂದೂ ಇಲ್ಲ. ಆಗ ತಿಳಿಯಿತು: ದೊಡ್ಡಪ್ಪ ಒತ್ತಿದ್ದು ಅಕ್ಷರದ ಸೊನ್ನೆಯಲ್ಲ, ಕನ್ನಡ ಅಂಕಿಯ ಸೊನ್ನೆ.

ಯೂನಿಕೋಡ್‌ನಲ್ಲಿ ಇವೆರಡೂ ಬೇರೆ ಬೇರೆ ಸಂಕೇತಗಳು. ಅನುಸ್ವಾರದ ಸಂಖ್ಯೆ 3202, ಅಂಕಿ ಸೊನ್ನೆಯದು 3302. ಮೊಬೈಲಿನಲ್ಲಿ ನೋಡಿದರೆ 'ಸಂಜೆ'ಗೂ 'ಸ೦ಜೆ'ಗೂ ವ್ಯತ್ಯಾಸ ಹೆಚ್ಚುಕಮ್ಮಿ ಕಾಣುವುದೇ ಇಲ್ಲ. ಕೆ ಫಾಂಟಿನಲ್ಲಿ ಕಟ್ಟಿದಾಗ ಅಂಕಿಯೂ ಕನ್ನಡದ್ದೇ ಆದ್ದರಿಂದ ಅಲ್ಲೂ ಕಾಣಲಿಲ್ಲ, ಮನೆಮಂದಿಯ ಕಣ್ಣಿಗೂ ಬೀಳಲಿಲ್ಲ. ಇ ಫಾಂಟಿಗೆ ತಿರುಗಿಸಿದ ಕ್ಷಣ ಅಷ್ಟೂ ಸೊನ್ನೆಗಳು ಇಂಗ್ಲಿಷ್ 0 ಆಗಿ ಎದ್ದು ನಿಂತವು. 'ಬರೀ ಅಂಕಿ ಬದಲಿ' ಅಂದದ್ದು ಅಕ್ಷರಗಳನ್ನೇ ಬದಲಿಸಿತ್ತು.

ಕಾರಣ ಸಿಕ್ಕ ಮೇಲೆ ರಿಪೇರಿ ಬೇಗ ಆಯಿತು. ಮೂಲ ಮ್ಯಾಟರಿನ ಪಟ್ಟಿಯಲ್ಲಿ ೦ ಇದ್ದದ್ದನ್ನೆಲ್ಲ ಂ ಮಾಡಿ, ದೊಡ್ಡಪ್ಪನ ಫೋನ್ ನಂಬರು ಕನ್ನಡ ಅಂಕಿಯಲ್ಲಿದ್ದದ್ದರಿಂದ ಅಲ್ಲಿನ ಸೊನ್ನೆಗಳನ್ನು ಮಾತ್ರ ಕೈಯಿಂದ ವಾಪಸ್ ಹಾಕಿ, ಮತ್ತೆ ತಿರುಗಿಸಿ, ಕಾಕಾನೂ ನಾನೂ ಸೇರಿ ಒಂದೊಂದೇ ಹೆಸರು ಜೋರಾಗಿ ಓದಿ ನೋಡಿ ಕಳಿಸಿದೆವು. ಸಿಟಿಪಿಯವರು ಶಟರ್ ಅರ್ಧ ಇಳಿಸಿ ಕಾಯ್ದರು. ಅವರಿಗೆ ಋಣಿ. ಪತ್ರಿಕೆ ಮೊದಲ ಬಸ್ಸಿಗೆ ಹೋಯಿತು.

ಮರುದಿನ ಮಾಲಕರು ಹಾಳಾದ ಹಾಳೆ ಮತ್ತು ಪ್ಲೇಟಿನ ಖರ್ಚನ್ನು ಪಾರ್ಟಿಯ ಬಿಲ್ಲಿಗೆ ಹಾಕು ಅಂದರು. ನಾನು ಒಪ್ಪಲಿಲ್ಲ. ಆ ಹಿರಿಯರು ಇಂಗ್ಲಿಷ್ ಅಕ್ಷರದಲ್ಲಿ ಏನೋ ಒಂದು ಬರೆದು ಕಳಿಸದೆ, ಇಡೀ ಬಳಗದ ಹೆಸರುಗಳನ್ನು ಕನ್ನಡದಲ್ಲಿ ಒಂದೊಂದೇ ಬೆರಳಿನಿಂದ ಒತ್ತಿದ್ದಾರೆ. ಒಂದು ದೀರ್ಘ ತಪ್ಪಿಲ್ಲ, ಒಂದು ಒತ್ತು ತಪ್ಪಿಲ್ಲ. ಬಾಕಿ ಹಣ ಕೊಡಲು ಅವರೇ ಬಂದಾಗ ಕೇಳಿದೆ: "ದೊಡ್ಡಪ್ಪಾರ, ಮೊಬೈಲಿನ್ಯಾಗ ಸೊನ್ನಿ ಹೆಂಗ ಹಾಕ್ತೀರಿ?" ಅವರು ತೋರಿಸಿದರು. "ಇಲ್ಲೇ ಐತೆಲ್ಲ ತಂಗಿ, ಮ್ಯಾಲಿನ ಸಾಲಿನ್ಯಾಗ." ಮೊಮ್ಮಗ ಹಾಕಿಕೊಟ್ಟ ಕೀಬೋರ್ಡು. ಮೇಲಿನ ಸಾಲಿನಲ್ಲಿ ೧ರಿಂದ ೦ವರೆಗೆ ಕನ್ನಡ ಅಂಕಿಗಳು ದೊಡ್ಡದಾಗಿ ಕೂತಿವೆ. ಅನುಸ್ವಾರ ಇರುವುದು ಇನ್ನೊಂದು ಕೀ ಒತ್ತಿ ಹಿಡಿದಾಗ ಬರುವ ಸಣ್ಣ ಪೆಟ್ಟಿಗೆಯಲ್ಲಿ, ಚುಕ್ಕಿಯ ವೃತ್ತದ ಪಕ್ಕ. ಅರವತ್ತು ದಾಟಿದ ಕಣ್ಣಿಗೆ ಮೊದಲು ಕಾಣುವುದು ಯಾವುದು? ಇದಕ್ಕೆ ಅವರಿಂದ ಹಣ ಕೇಳುವುದು ನ್ಯಾಯವಲ್ಲ ಅಂತ ಮಾಲಕರಿಗೆ ಅವರೆದುರಿಗೇ ಹೇಳಿದೆ. ಬಿಲ್ಲಿಗೆ ಹಾಕಲಿಲ್ಲ.

ಅಲ್ಲಿಂದ ಮುಂದೆ ಮ್ಯಾಟರ್ ಬಂದಾಗಲೆಲ್ಲ ಕೇಳುತ್ತೇನೆ, ಯಾವ ಕೀಬೋರ್ಡು ಅಂತ. ಕೇಳುತ್ತಾ ಹೋದರೆ ಪ್ರತಿಯೊಂದೂ ತನ್ನದೇ ಗುರುತು ಬಿಟ್ಟು ಹೋಗುವುದು ತಿಳಿಯುತ್ತದೆ. ಜಿಬೋರ್ಡ್‌ನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವವರ ಮ್ಯಾಟರಿನಲ್ಲಿ ಲ-ಳ, ನ-ಣ, ದ-ಡ ನೋಡಬೇಕು. ಮುಳಗುಂದ ಮುಲಗುಂದ ಆಗಿರುತ್ತದೆ, ಹಡಪದ ಹದಪದ ಆಗಿರುತ್ತದೆ. ಮಾತಾಡಿ ಬರೆಸುವವರದಾದರೆ ಅಡ್ಡಹೆಸರುಗಳನ್ನು ಫೋನ್ ಮಾಡಿ ಕೇಳಲೇಬೇಕು. ಬೆರಳಿನಿಂದ ಪರದೆಯ ಮೇಲೆ ಬರೆಯುವವರ ಮ್ಯಾಟರ್ ಬಹಳ ಚೊಕ್ಕ, ಹಿರಿಯರಿಗೆ ನಾನು ಹೇಳುವುದು ಅದನ್ನೇ. ವ್ಯಂಜನ ಒತ್ತಿದರೆ ಸುತ್ತಲೂ ಕಾಗುಣಿತ ಚಕ್ರದಂತೆ ತೆರೆದುಕೊಳ್ಳುವ ಸ್ವರಚಕ್ರ ಐಐಟಿ ಬಾಂಬೆಯವರದು; ಶಾಲೆಯ ಕಾಗುಣಿತ ನೆನಪಿದ್ದವರಿಗೆ ಅದು ಹೊಂದುತ್ತದೆ. ಕಂಪ್ಯೂಟರಿನಲ್ಲಿ ಇನ್‌ಸ್ಕ್ರಿಪ್ಟ್ ಅನ್ನುವ ಕೀ ವಿನ್ಯಾಸ ಕಲಿತವರಿಗೆ ಮೊಬೈಲಿನ ಇಂಡಿಕ್ ಕೀಬೋರ್ಡ್‌ನಲ್ಲಿ ಅದೇ ವಿನ್ಯಾಸ ಸಿಗುತ್ತದೆ. ಇನ್ನು 'ಸಾಫ್ಟ್‌ವೇರ್', 'ರ‍್ಯಾಲಿ' ಅಂತ ಬರೆಯುವಾಗ ಕೆಲವು ಕೀಬೋರ್ಡುಗಳು ನಡುವೆ ಕಾಣದ ಸಂಕೇತ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ; ನಮ್ಮ ಕನ್ವರ್ಟರಿನಲ್ಲಿ ಅದು ಪ್ರಶ್ನಾರ್ಥಕ ಚಿಹ್ನೆಯಾಗಿ ಬೀಳುತ್ತದೆ.

ಹಾಗಂತ ಎಲ್ಲರೂ ಒಂದೇ ಕೀಬೋರ್ಡು ಬಳಸಲಿ ಅನ್ನುವವಳು ನಾನಲ್ಲ. ಆಂಡ್ರಾಯ್ಡ್‌ನಲ್ಲಿ ನಮಗೆ ಬೇಕಾದ ಕೀಬೋರ್ಡು ಹಾಕಿಕೊಳ್ಳುವ ದಾರಿ 2009ರ 1.5 ಆವೃತ್ತಿಯಿಂದಲೇ ಇದೆ, ಐಫೋನಿಗೆ ಅದು 2014ರಲ್ಲಿ ಐಒಎಸ್ 8ರ ಜೊತೆ ಬಂತು. ಆ ದಾರಿ ಇಲ್ಲದಿದ್ದರೆ ಹಳ್ಳಿಯ ದೊಡ್ಡಪ್ಪಂದಿರು ಮೊಬೈಲಿನಲ್ಲಿ ಕನ್ನಡ ಬರೆಯುತ್ತಲೇ ಇರಲಿಲ್ಲವೇನೋ. ಕಂಪ್ಯೂಟರಿನಲ್ಲಿ ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಬೋರ್ಡ್ ವಿನ್ಯಾಸವನ್ನು ಸರ್ಕಾರ ಪ್ರಮಾಣಿತ ಮಾಡಿದ್ದರಿಂದ ನಾನು ಯಾವ ಪ್ರೆಸ್ಸಿಗೆ ಹೋಗಿ ಕೂತರೂ ಎಫ್ ಒತ್ತಿದರೆ ಒತ್ತಕ್ಷರ ಬರುತ್ತದೆ. ಮೊಬೈಲಿನಲ್ಲಿ ಆ ಭರವಸೆ ಇಲ್ಲ. ಅದಿಲ್ಲ ಅನ್ನುವುದನ್ನು ಪ್ರೆಸ್ಸಿನವರು ತಿಳಿದು ಕೆಲಸ ಮಾಡಬೇಕು.

ಕೀಬೋರ್ಡಿನ ಇನ್ನೊಂದು ಮುಖ ಕಂಡದ್ದು ಚುನಾವಣೆಯ ಹೊತ್ತಿನಲ್ಲಿ. ಪ್ರೆಸ್ ಅಂದ ಮೇಲೆ ಎದುರಾಳಿಗಳಿಬ್ಬರ ಕರಪತ್ರವೂ ಬರುತ್ತವೆ. ಒಬ್ಬರದು ಇನ್ನೊಬ್ಬರಿಗೆ ತಿಳಿಯಬಾರದು, ಇದು ಈ ಊರಿನ ಪ್ರೆಸ್ಸುಗಳು ಮೊದಲಿನಿಂದ ಕಾಯ್ದುಕೊಂಡು ಬಂದ ಮರ್ಯಾದೆ. ನಮ್ಮ ಅಂಗಡಿಯ ಮೊಬೈಲಿಗೆ ಕೆಲಸದ ಹುಡುಗ ಹೂವಿನ ಚಿತ್ರಗಳ ಯಾವುದೋ ಕೀಬೋರ್ಡು ಹಾಕಿದ್ದ. ಒಬ್ಬ ಅಭ್ಯರ್ಥಿಯ ಕಡೆಯವರು ನನ್ನ ಪಕ್ಕದಲ್ಲೇ ಕೂತು, ತಿದ್ದುಪಡಿ ಹೇಳುತ್ತಿದ್ದರು. ನಾನು ಮೊಬೈಲಿನಲ್ಲಿ ಟೈಪ್ ಮಾಡುತ್ತಿದ್ದೆ. ಒಂದು ಪದ ಒತ್ತಿದ ಕೂಡಲೇ ಮೇಲಿನ ಪಟ್ಟಿಯಲ್ಲಿ ಮುಂದಿನ ಪದ, ಅದರ ಮುಂದಿನ ಪದ ಅಂತ ಎದುರಿನ ಅಭ್ಯರ್ಥಿಯ ಘೋಷಣೆ ಹಾಗೇ ಬರತೊಡಗಿತು. ಹಿಂದಿನ ರಾತ್ರಿ ಅದೇ ಮೊಬೈಲಿನಲ್ಲಿ ಅವರದನ್ನು ಟೈಪ್ ಮಾಡಿದ್ದೆ. ನನ್ನ ಎದೆ ಝಲ್ಲೆಂದಿತು. ಪಕ್ಕದವರು ಕನ್ನಡಕ ಸರಿಮಾಡಿಕೊಂಡು ಬಾಗಿದರು. ಅವರು ಓದಿದರೋ ಇಲ್ಲವೋ ಅಂತ ಮುಖ ನೋಡುವ ಧೈರ್ಯವೂ ಬರಲಿಲ್ಲ. "ಚಾರ್ಜ್ ಇಲ್ರಿ" ಅಂತ ಮೊಬೈಲ್ ಮಗುಚಿಟ್ಟು, ಉಳಿದದ್ದನ್ನು ಕಾಗದದ ಮೇಲೆ ಬರೆದುಕೊಂಡೆ. ಅವರು ಏನೂ ಕೇಳಲಿಲ್ಲ.

ಹೊಸ ಕೀಬೋರ್ಡು ಚಾಲೂ ಮಾಡುವಾಗ ಆಂಡ್ರಾಯ್ಡ್ ಒಂದು ಎಚ್ಚರಿಕೆ ತೋರಿಸುತ್ತದೆ: ನೀವು ಟೈಪ್ ಮಾಡುವ ಪಾಸ್‌ವರ್ಡ್, ಕಾರ್ಡ್ ನಂಬರ್ ಸಹಿತ ಎಲ್ಲವನ್ನೂ ಇದು ಸಂಗ್ರಹಿಸಬಹುದು ಅಂತ. ಎಲ್ಲರೂ ಓದದೆ ಸರಿ ಅಂತ ಒತ್ತುತ್ತಾರೆ. 2017ರಲ್ಲಿ ಎಐ.ಟೈಪ್ ಅನ್ನುವ ಕೀಬೋರ್ಡಿನ 3 ಕೋಟಿ 10 ಲಕ್ಷ ಬಳಕೆದಾರರ ಮಾಹಿತಿ ಪಾಸ್‌ವರ್ಡಿನ ರಕ್ಷಣೆಯೂ ಇಲ್ಲದೆ ಇಂಟರ್ನೆಟ್ಟಿನಲ್ಲಿ ಬಯಲಾಗಿ ಬಿದ್ದಿತ್ತು. ಯುಪಿಐ ಪಿನ್ ಒತ್ತುವ ಪುಟಕ್ಕೆ ಅದರದೇ ಅಂಕಿಗಳ ಫಲಕ ಇರುತ್ತದೆ, ಅಲ್ಲಿ ನಮ್ಮ ಕೀಬೋರ್ಡು ಬರುವುದಿಲ್ಲ. ಆದರೆ ಇಮೇಲ್ ಪಾಸ್‌ವರ್ಡು, ಪಾರ್ಟಿಗಳ ಹೆಸರು, ವಿಳಾಸ, ಕರಪತ್ರದ ಮ್ಯಾಟರ್ ಎಲ್ಲ ಕೀಬೋರ್ಡಿನ ಕೈಯಿಂದಲೇ ಹಾದುಹೋಗುತ್ತದೆ. ಈಗ ಅಂಗಡಿಯ ಮೊಬೈಲಿನಲ್ಲಿ ಹೆಲಿಬೋರ್ಡ್ ಅನ್ನುವ ಕೀಬೋರ್ಡು ಇದೆ. ಅದು ಇಂಟರ್ನೆಟ್ ಅನುಮತಿಯನ್ನೇ ಕೇಳುವುದಿಲ್ಲ, ಕನ್ನಡದ ವಿನ್ಯಾಸವೂ ಇದೆ. ಪದ ಕಲಿಯುವ ಸೆಟ್ಟಿಂಗನ್ನು ನಾನೇ ಆಫ್ ಮಾಡಿದೆ. ಜಿಬೋರ್ಡ್ ಬಿಡಲಾರದವರು ಕಲಿತ ಪದಗಳನ್ನು ಅಳಿಸುವ ಆಯ್ಕೆಯನ್ನು ಅದರ ಸೆಟ್ಟಿಂಗಿನಲ್ಲೇ ಹುಡುಕಿ ಆಗಾಗ ಬಳಸಿ. ಅಂಗಡಿಯ ಮೊಬೈಲು ಹತ್ತು ಜನರ ಕೈಗೆ ಹೋಗುವುದಾದರೆ ಇದನ್ನು ಬಿಡಲೇಬಾರದು.

ಮ್ಯಾಟರ್ ಬಂದ ಕೂಡಲೇ ಕನ್ವರ್ಟರಿಗೆ ಹಾಕುವ ಮೊದಲು ೦ ಹುಡುಕುವುದು ನಮ್ಮಲ್ಲಿ ಈಗ ಪದ್ಧತಿ. ಮಾಲಕರೂ ಒಪ್ಪಿದ್ದಾರೆ. ಫಾಂಟ್ ಬದಲಾದರೆ ಹೊಸ ಪ್ರೂಫ್ ಹೋಗಲೇಬೇಕು ಅನ್ನುವುದಕ್ಕೆ ಮಾತ್ರ ಇನ್ನೂ ಒಪ್ಪಿಲ್ಲ, ಸೀಜನ್ನಿನಲ್ಲಿ ಹೊತ್ತು ಎಲ್ಲಿದೆ ಅನ್ನುತ್ತಾರೆ. ಕೇಳುವುದನ್ನು ನಾನು ಬಿಟ್ಟಿಲ್ಲ.

ಕನ್ನಡ ಕೀಬೋರ್ಡು ಮಾಡುವವರಲ್ಲಿ ಯಾರಾದರೂ ಇದನ್ನು ಓದಿದರೆ ಒಂದು ಕೇಳಿಕೆ. ಪದದ ನಡುವೆ, ಎರಡು ಅಕ್ಷರಗಳ ಮಧ್ಯೆ, ಅಂಕಿಯ ಸೊನ್ನೆಗೆ ಏನೂ ಕೆಲಸವಿಲ್ಲ. ಅಲ್ಲಿ ಯಾರಾದರೂ ೦ ಒತ್ತಿದರೆ ನೀವೇ ಅದನ್ನು ಂ ಮಾಡಿಬಿಡಿ. ಅನುಸ್ವಾರದ ಕೀಯನ್ನು ಒತ್ತಿ ಹಿಡಿಯುವ ಪೆಟ್ಟಿಗೆಯಿಂದ ಹೊರಗೆ ತಂದು, ಎಲ್ಲರಿಗೂ ಕಾಣುವ ಹಾಗೆ ಮೊದಲ ಪುಟದಲ್ಲೇ ಇಡಿ.